ಮೊದಲ ಪ್ರದರ್ಶನ ಎಲ್ಲಿ?

ಡಿಐ (ಬಣ್ಣ ಹೊಂದಿಸುವ ಕೆಲಸ), ಧ್ವನಿ ಮಿಶ್ರಣ ಎಲ್ಲ ಮುಗಿದು ಅಂತಿಮ ಪ್ರತಿ ಕೈಗೆ ಬಂದ ಮೇಲೂ ನಮ್ಮ ಸಿನಿಮಾವನ್ನು ತಿಂಗಳುಗಟ್ಟಲೆ ಯಾರಿಗೂ ತೋರಿಸಲಿಲ್ಲ. ಗಾಂಧಿನಗರದ ಪರಿಚಿತರು ಎದುರಾದಾಗಲೆಲ್ಲ ‘ಏನು ಸ್ವಾಮಿ, ಡಬ್ಬಾದಲ್ಲೇ ಉಳಿಯಿತೇ?’ ಎಂದು ಕೇಳುತ್ತಿದ್ದರು. ಹಣ ಹಾಕಿದವರು ಅಷ್ಟು ನಯವಾಗಿ ಕೇಳುತ್ತಿರಲಿಲ್ಲ. ನಿರ್ಮಾಣದ ಉಸ್ತುವಾರಿ ನನ್ನದಾಗಿದ್ದರಿಂದ ಉತ್ತರ ಹೇಳುವ ಹೊಣೆಯೂ ನನ್ನ ತಲೆಗೇ ಬಂತು. ಚಿಕ್ಕ ಬಜೆಟ್ಟಿನ ಚಿತ್ರವೊಂದನ್ನು ಅಂತರರಾಷ್ಟ್ರೀಯ ಉತ್ಸವದ ಸ್ಪರ್ಧೆಗೆ ಕಳುಹಿಸುವಾಗ ನಾನು ಮಾಡಿದ್ದು, ನೋಡಿದ್ದು ಇಲ್ಲಿದೆ.

ತೋರಿಸದೆ ಇಟ್ಟುಕೊಂಡದ್ದಕ್ಕೆ ಕಾರಣ ಸರಳ. ಸಿನಿಮಾ ಹೊಸದಾಗಿರುವುದು ಒಂದೇ ಸಲ. ದೊಡ್ಡ ಉತ್ಸವಗಳ ಸ್ಪರ್ಧಾ ವಿಭಾಗಗಳು ಕೇಳುವುದು ವಿಶ್ವ ಪ್ರೀಮಿಯರನ್ನು, ಇಲ್ಲವೇ ಅಂತರರಾಷ್ಟ್ರೀಯ ಪ್ರೀಮಿಯರನ್ನು. ಮೊದಲನೆಯದೆಂದರೆ ಜಗತ್ತಿನಲ್ಲಿ ಎಲ್ಲಿಯೂ ಪ್ರದರ್ಶನವಾಗಿರಬಾರದು. ಎರಡನೆಯದೆಂದರೆ ಸ್ವಂತ ದೇಶದ ಹೊರಗೆ ಆಗಿರಬಾರದು. ಉತ್ಸಾಹದಲ್ಲಿ ಯಾವುದೋ ಊರಿನ ಪುಟ್ಟ ವಿದೇಶಿ ಉತ್ಸವಕ್ಕೆ ಒಪ್ಪಿಕೊಂಡರೆ ಈ ಎರಡೂ ಹೋದವು. ಆದ್ದರಿಂದ ನಾವು ಕ್ಯಾಲೆಂಡರ್ ಮುಂದಿಟ್ಟುಕೊಂಡು ಕುಳಿತೆವು. ಜನವರಿ ಕೊನೆಗೆ ರಾಟರ್‌ಡ್ಯಾಮ್, ಫೆಬ್ರುವರಿಯಲ್ಲಿ ಬರ್ಲಿನ್, ಮೇನಲ್ಲಿ ಕಾನ್, ಆಗಸ್ಟಿನಲ್ಲಿ ಲೊಕಾರ್ನೊ, ಅದರ ಬೆನ್ನಿಗೇ ವೆನಿಸ್, ಆಮೇಲೆ ಬೂಸಾನ್, ನವೆಂಬರಿನಲ್ಲಿ ಗೋವಾ. ಒಂದು ಕಡೆಯಿಂದ ಉತ್ತರ ಬರುವಷ್ಟರಲ್ಲಿ ಇನ್ನೊಂದರ ಅರ್ಜಿಯ ಗಡುವು ಮುಗಿದಿರುತ್ತದೆ. ಯಾವ ಬಾಗಿಲ ಮುಂದೆ ಎಷ್ಟು ಹೊತ್ತು ಕಾಯಬೇಕು ಎಂಬ ಲೆಕ್ಕದಲ್ಲೇ ಅರ್ಧ ಸ್ಪರ್ಧೆ ಮುಗಿದುಹೋಗುತ್ತದೆ. ತೀರ್ಪುಗಾರರು ಬರುವುದು ಬಹಳ ತಡವಾಗಿ.

ಹಣ ಹಾಕಿದವರಿಗೆ ನಾನು ಹೆಚ್ಚು ಸಲ ವಿವರಿಸಬೇಕಾಗಿ ಬಂದದ್ದು ವಿಭಾಗಗಳ ವಿಚಾರವನ್ನು. ‘ಕಾನ್‌ಗೆ ಹೋಯಿತು’ ಎಂಬ ಒಂದೇ ಮಾತಿನೊಳಗೆ ಎಷ್ಟೋ ಬೇರೆ ಬೇರೆ ಸಂಗತಿಗಳಿವೆ. 2024ರಲ್ಲಿ ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಅಲ್ಲಿನ ಮುಖ್ಯ ಸ್ಪರ್ಧೆಯಲ್ಲಿತ್ತು. ಭಾರತದ ಚಿತ್ರವೊಂದು ಆ ಸಾಲಿಗೆ ಸೇರಿದ್ದು ಮೂವತ್ತು ವರ್ಷಗಳ ನಂತರ; ಅದಕ್ಕೆ ಅಲ್ಲಿನ ಎರಡನೇ ಅತಿ ದೊಡ್ಡ ಪ್ರಶಸ್ತಿಯಾದ ಗ್ರಾಂಡ್ ಪ್ರಿ ಬಂತು. ಅದೇ ವರ್ಷ ಅದೇ ಊರಿನಲ್ಲಿ ಮೈಸೂರಿನ ಚಿದಾನಂದ ನಾಯಕ್ ಅವರ ಕನ್ನಡ ಕಿರುಚಿತ್ರ ಮೊದಲ ಬಹುಮಾನ ಪಡೆಯಿತು. ಅದು ಚಲನಚಿತ್ರ ಶಾಲೆಗಳ ವಿದ್ಯಾರ್ಥಿಗಳಿಗೆ ಮೀಸಲಾದ ‘ಲಾ ಸಿನೆಫ್’ ವಿಭಾಗ. ಎರಡೂ ನಿಜವಾದ ಗೆಲುವುಗಳೇ, ಆದರೆ ಓಡಿದ ಮೈದಾನಗಳು ಬೇರೆ. 2015ರಲ್ಲಿ ರಾಮ್ ರೆಡ್ಡಿ ಅವರ ‘ತಿಥಿ’ಗೆ ಲೊಕಾರ್ನೊದಲ್ಲಿ ಚಿನ್ನದ ಚಿರತೆ ಪ್ರಶಸ್ತಿ ಬಂದದ್ದು ಹೊಸ ನಿರ್ದೇಶಕರ ಚಿತ್ರಗಳ ವಿಭಾಗದಲ್ಲಿ. ಬರ್ಲಿನ್ನಿನ ಫೋರಂ ವಿಭಾಗದಲ್ಲಂತೂ ಆ ಉತ್ಸವದ ಅತಿ ದೊಡ್ಡ ಪ್ರಶಸ್ತಿಯಾದ ಚಿನ್ನದ ಕರಡಿಯ ಮಾತೇ ಇಲ್ಲ. 2025ರಲ್ಲಿ ನಟೇಶ್ ಹೆಗಡೆ ಅವರ ‘ವಾಘಾಚಿಪಾಣಿ’ ಅಲ್ಲಿ ಪ್ರದರ್ಶನವಾಯಿತು. ಸ್ಪರ್ಧೆಯಿಲ್ಲದ ಅಂಥ ವಿಭಾಗವೊಂದು ಕೆಲವು ಸಿನಿಮಾಗಳಿಗೆ ಮುಖ್ಯ ಸ್ಪರ್ಧೆಗಿಂತ ಒಳ್ಳೆಯ ಮನೆ ಎಂದೇ ನನ್ನ ಅಭಿಪ್ರಾಯ. ಅಲ್ಲಿಗೆ ಬರುವವರು ವಿಚಿತ್ರ ಚಿತ್ರಗಳನ್ನು ನೋಡಲೆಂದೇ ಬರುತ್ತಾರೆ.

ಇನ್ನು ಮಾರುಕಟ್ಟೆ ಪ್ರದರ್ಶನ. ಕಾನ್ ಉತ್ಸವದ ಜೊತೆಗೇ ನಡೆಯುವ ಚಿತ್ರ ಮಾರುಕಟ್ಟೆಯಲ್ಲಿ ಹಣ ಕಟ್ಟಿ ಪರದೆ ಕಾದಿರಿಸಬಹುದು. ಅದಕ್ಕೆ ಯಾವ ಆಯ್ಕೆ ಸಮಿತಿಯ ಒಪ್ಪಿಗೆಯೂ ಬೇಕಿಲ್ಲ. ಛತ್ರ ಬಾಡಿಗೆಗೆ ಹಿಡಿದಂತೆ. ಕೊಳ್ಳುವವರನ್ನು ಹುಡುಕಲು ಅದು ನ್ಯಾಯವಾದ ವ್ಯವಸ್ಥೆ. ಊರಿಗೆ ಬಂದು ‘ಕಾನ್‌ಗೆ ಆಯ್ಕೆ’ ಎಂದು ಜಾಹೀರಾತು ಕೊಡುವುದು ಮಾತ್ರ ನ್ಯಾಯವಲ್ಲ. ಅದಕ್ಕಿಂತ ಕೆಟ್ಟದ್ದು ಪ್ರತಿ ತಿಂಗಳೂ ‘ಪ್ರಶಸ್ತಿ’ ಹಂಚುವ ಉತ್ಸವಗಳದ್ದು. ಪ್ರವೇಶ ಶುಲ್ಕ ಕಟ್ಟಿದರೆ ಸಾಕು, ಪೋಸ್ಟರಿಗೆ ಅಂಟಿಸಲು ಎಲೆಗಳ ಮಾಲೆಯ ಚಿತ್ರ ಇಮೇಲಿನಲ್ಲಿ ಬರುತ್ತದೆ. ಇನ್ನಷ್ಟು ಕಟ್ಟಿದರೆ ಫಲಕವೂ ಬರುತ್ತದೆ. ಸಭಾಂಗಣವಿಲ್ಲ, ಪ್ರೇಕ್ಷಕರಿಲ್ಲ. ನಮಗೂ ಅಂಥದ್ದೊಂದು ಕಡೆಯಿಂದ ಅಭಿನಂದನಾ ಪತ್ರ ಬಂತು. ನಾವು ಅಲ್ಲಿಗೆ ಅರ್ಜಿಯನ್ನೇ ಹಾಕಿರಲಿಲ್ಲ! ಅಂದಿನಿಂದ ಯಾವುದೇ ಉತ್ಸವಕ್ಕೆ ಹಣ ಕಟ್ಟುವ ಮೊದಲು ಮೂರು ಸಂಗತಿ ನೋಡುತ್ತೇನೆ: ಹಿಂದಿನ ವರ್ಷ ಯಾವ ಚಿತ್ರಮಂದಿರದಲ್ಲಿ ನಡೆಯಿತು, ತೀರ್ಪುಗಾರರ ಹೆಸರು ಬಹಿರಂಗವಾಗಿದೆಯೇ, ಆಗ ಗೆದ್ದ ಚಿತ್ರಗಳು ಆಮೇಲೆ ಎಲ್ಲಾದರೂ ಕಾಣಿಸಿಕೊಂಡವೇ.

ಅರ್ಜಿಯ ಕೆಲಸ ಬೇಸರದ್ದು, ಬೇಗ ಹೇಳಿಬಿಡುತ್ತೇನೆ. ಬಹುತೇಕ ಉತ್ಸವಗಳು ತಮ್ಮ ಜಾಲತಾಣದಲ್ಲಿ ಅಥವಾ ಫಿಲ್ಮ್‌ಫ್ರೀವೇಯಂಥ ವೇದಿಕೆಯಲ್ಲಿ ಅರ್ಜಿ ತೆಗೆದುಕೊಳ್ಳುತ್ತವೆ. ಬೇಗ ಕಳುಹಿಸಿದರೆ ಶುಲ್ಕ ಕಡಿಮೆ. ಪಾಸ್‌ವರ್ಡ್ ಇರುವ ವಿಡಿಯೊ ಕೊಂಡಿ, ಇಂಗ್ಲಿಷ್ ಉಪಶೀರ್ಷಿಕೆ, ಎರಡು ಅಳತೆಯ ಕಥಾಸಾರ, ಸ್ಥಿರಚಿತ್ರಗಳು, ನಿರ್ದೇಶಕರ ಟಿಪ್ಪಣಿ ಬೇಕು. ನಮ್ಮ ನಿರ್ದೇಶಕರು ತಮ್ಮ ಬಾಲ್ಯದಿಂದ ಆರಂಭಿಸಿ ಹಲವು ಪುಟ ಬರೆದುಕೊಟ್ಟಿದ್ದರು. ನಾನು ಉಳಿಸಿದ್ದು ಒಂದು ಪ್ಯಾರಾ, ಅದೂ ಚಿತ್ರೀಕರಣ ನಡೆದ ಊರಿನ ಬಗ್ಗೆ ಬರೆದಿದ್ದ ಭಾಗ. ಒಂದಷ್ಟು ದಿನ ಮಾತು ಬಿಟ್ಟರು. ವಿಡಿಯೊ ಕೊಂಡಿಯಲ್ಲಿ ಇನ್ನೊಂದು ಕಾಟವಿದೆ: ಯಾವ ದೇಶದಿಂದ, ಎಷ್ಟು ನಿಮಿಷ ನೋಡಿದರು ಎಂಬ ಅಂಕಿಅಂಶ ನಮಗೆ ಕಾಣುತ್ತದೆ. ‘ಹನ್ನೆರಡನೇ ನಿಮಿಷಕ್ಕೆ ಎದ್ದುಹೋಗಿದ್ದಾರೆ’ ಎಂದು ನಿರ್ದೇಶಕರು ನಡುರಾತ್ರಿ ಫೋನ್ ಮಾಡುತ್ತಿದ್ದರು. ಕೊನೆಗೆ ಆ ಖಾತೆಯ ಪಾಸ್‌ವರ್ಡನ್ನು ನನ್ನ ಹತ್ತಿರ ಮಾತ್ರ ಇಟ್ಟುಕೊಂಡೆ.

ಯುರೋಪಿನಿಂದ ಬಂದವು ಸಭ್ಯ ಭಾಷೆಯ ನಿರಾಕರಣೆಗಳು. ಏಷ್ಯಾದ ಒಂದು ಉತ್ಸವ ಸ್ಪರ್ಧಾ ವಿಭಾಗಕ್ಕೇ ಆಹ್ವಾನ ಕೊಟ್ಟಿತು. ಆದರೆ ಅವರು ಪ್ರಕಟಿಸುವ ತನಕ ನಾವು ಬಾಯಿ ಬಿಡುವಂತಿಲ್ಲ. ಕನ್ನಡ ಚಿತ್ರರಂಗದಲ್ಲಿ ಇದಕ್ಕಿಂತ ಕಠಿಣವಾದ ಷರತ್ತು ಇಲ್ಲ. ಹಣ ಹಾಕಿದವರಿಗೆ ಹೇಳಿ, ಅವರ ಮನೆಯವರಿಗೆ ಹೇಳದಂತೆ ಕೇಳಿಕೊಂಡೆ.

ಆಮೇಲಿನದು ಡಿಸಿಪಿ, ಎಂದರೆ ಚಿತ್ರಮಂದಿರದಲ್ಲಿ ಓಡಿಸುವ ಡಿಜಿಟಲ್ ಪ್ರತಿ. ನಮ್ಮದು ಸ್ಕೋಪ್ (ಅಗಲ ಪರದೆಯ) ಚಿತ್ರ, 2048×858, ಸೆಕೆಂಡಿಗೆ 24 ಚೌಕಟ್ಟು. ಡಿಸಿಪಿಗೆ ಬೀಗ ಹಾಕಿದರೆ ಅದನ್ನು ತೆರೆಯುವ ಡಿಜಿಟಲ್ ಕೀಲಿಯನ್ನು ಬೇರೆಯಾಗಿ ಕಳುಹಿಸಬೇಕು. ಅದು ಇಂಥದ್ದೇ ಸರ್ವರಿನಲ್ಲಿ, ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ ಮಾತ್ರ ಕೆಲಸ ಮಾಡುತ್ತದೆ. ಉತ್ಸವದವರು ಕೊನೆಯ ಗಳಿಗೆಯಲ್ಲಿ ಪರದೆ ಬದಲಿಸಿದರೆ ಕೀಲಿ ನಿಷ್ಪ್ರಯೋಜಕ. ಆದ್ದರಿಂದ ನಾವು ಬೀಗವಿಲ್ಲದ ಪ್ರತಿಯನ್ನೇ ಕಳುಹಿಸಿದೆವು. ನಮ್ಮಂಥ ಚಿತ್ರಕ್ಕೆ ಕಳ್ಳತನದ ಭಯಕ್ಕಿಂತ ಪ್ರದರ್ಶನ ರದ್ದಾಗುವ ಭಯ ದೊಡ್ಡದು. ಡ್ರೈವನ್ನು ಕಳುಹಿಸುವ ಮೊದಲು ಬೆಂಗಳೂರಿನ ಚಿತ್ರಮಂದಿರವೊಂದರಲ್ಲಿ ಬೆಳಗಿನ ಮೊದಲ ಆಟಕ್ಕೆ ಮುಂಚೆ ಪೂರ್ತಿ ಓಡಿಸಿ ನೋಡಿದೆವು. ಉಪಶೀರ್ಷಿಕೆಯ ಸಾಲುಗಳು ಪರದೆಯ ಕೆಳಗಿನ ಅಂಚಿಗೆ ತಾಗುತ್ತಿವೆಯೇ ಎಂಬುದು ಕಂಪ್ಯೂಟರಿನಲ್ಲಿ ಗೊತ್ತಾಗುವುದಿಲ್ಲ. ಆ ಡ್ರೈವ್ ಲಿನಕ್ಸ್ ಮಾದರಿಯದು. ಸಾಮಾನ್ಯ ವಿಂಡೋಸ್ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಓದುವುದಿಲ್ಲ, ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ನಮ್ಮ ಕಚೇರಿಯ ಹುಡುಗ ‘ಹೂಂ’ ಒತ್ತುವುದರಲ್ಲಿದ್ದ. ಅಂದಿನಿಂದ ಡ್ರೈವಿನ ಮೇಲೆ ಕೆಂಪು ಅಕ್ಷರದ ಚೀಟಿ ಅಂಟಿಸುವುದು ನನ್ನ ಪದ್ಧತಿ.

ಭಾರತದೊಳಗಿನ ಉತ್ಸವಗಳಿಗೆ ಇನ್ನೊಂದು ಮಾತು. ಸೆನ್ಸಾರ್ ಪ್ರಮಾಣಪತ್ರ ಇನ್ನೂ ಆಗಿಲ್ಲದ ಚಿತ್ರವನ್ನು ಉತ್ಸವದಲ್ಲಿ ತೋರಿಸಲು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿ ಬೇಕು. ಅದಕ್ಕೆ ಓಡಾಡುವವರು ಉತ್ಸವದವರೇ, ಆದರೆ ಕಾಗದಗಳನ್ನು ಸಕಾಲಕ್ಕೆ ಕೊಡಬೇಕಾದವರು ನಾವು.

ಏಷ್ಯಾದ ಆ ಉತ್ಸವದ ಸ್ಪರ್ಧೆಯಲ್ಲಿ ಏನಾಯಿತು? ತೀರ್ಪುಗಾರರು ಬೇರೆ ಕೋಣೆಯಲ್ಲಿ ಕುಳಿತು ನೋಡುತ್ತಾರೆಂದು ನಾನು ಭಾವಿಸಿದ್ದೆ. ಅವರು ಸಭಾಂಗಣದಲ್ಲೇ, ಟಿಕೆಟ್ ಕೊಂಡು ಬಂದ ವಿದ್ಯಾರ್ಥಿಗಳ ನಡುವೆ ಮೀಸಲು ಸಾಲಿನಲ್ಲಿ ಕುಳಿತಿದ್ದರು. ಒಂದು ದೃಶ್ಯಕ್ಕೆ ಹಿಂದಿನ ಸಾಲುಗಳು ನಕ್ಕಾಗ ಅವರಲ್ಲೊಬ್ಬರು ತಿರುಗಿ ನೋಡಿದರು. ನಿರ್ದೇಶಕರು ನನ್ನ ಕೈ ಹಿಡಿದುಕೊಂಡರು. ಪ್ರಶಸ್ತಿ ನಮಗೆ ಬರಲಿಲ್ಲ. ಬಂದ ಚಿತ್ರವನ್ನು ನಾನೂ ನೋಡಿದ್ದೆ, ನ್ಯಾಯವೆನಿಸಿತು. ಬೇಸರ ಉಳಿದದ್ದು ಉಳಿದ ಬಹುಮಾನಗಳ ಹಂಚಿಕೆಯ ಬಗ್ಗೆ. ಜ್ಯೂರಿಯೆಂದರೆ ಬೇರೆ ಬೇರೆ ದೇಶದ ನಾಲ್ಕೈದು ಜನ. ಒಬ್ಬರು ಪ್ರಾಣ ಕೊಟ್ಟು ಮೆಚ್ಚಿದ ಚಿತ್ರಕ್ಕಿಂತ ಯಾರೂ ಬೇಡವೆನ್ನದ ಚಿತ್ರ ಅಲ್ಲಿ ಸುಲಭವಾಗಿ ಮೇಲೆ ಬರುತ್ತದೆ. ನಿಯಮಗಳೂ ಹಂಚಿಕೆಯ ಕಡೆಗೇ ತಳ್ಳುತ್ತವೆ. ಕಾನ್‌ನಲ್ಲಿ ಅತಿ ದೊಡ್ಡ ಪ್ರಶಸ್ತಿಯಾದ ಪಾಮ್ ದೋರ್ ಪಡೆದ ಚಿತ್ರಕ್ಕೆ ಸಾಮಾನ್ಯವಾಗಿ ಬೇರೆ ಪ್ರಶಸ್ತಿ ಸೇರಿಸಿ ಕೊಡುವುದಿಲ್ಲ. ಹಾಗಾಗಿ ‘ತೀರ್ಪುಗಾರರ ವಿಶೇಷ ಪ್ರಶಸ್ತಿ’ ಎಂಬುದನ್ನು ನಾನು ಎರಡನೇ ದರ್ಜೆಯದೆಂದು ನೋಡುವುದಿಲ್ಲ. ಯಾರೋ ಒಬ್ಬರು ಪಟ್ಟು ಹಿಡಿದು ಕೊಡಿಸಿದ್ದು ಎಷ್ಟೋ ಸಲ ಅದೇ. 2023ರ ಗೋವಾ ಉತ್ಸವದಲ್ಲಿ ‘ಕಾಂತಾರ’ಕ್ಕಾಗಿ ರಿಷಬ್ ಶೆಟ್ಟಿ ಅವರಿಗೆ ಬಂದದ್ದೂ ಇದೇ ಹೆಸರಿನ ಬೆಳ್ಳಿ ನವಿಲು.

ಅಲ್ಲಿಂದ ಬಂದ ಮೇಲೆ ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುವ ಬೆಂಗಳೂರು ಉತ್ಸವಕ್ಕೂ ಅರ್ಜಿ ಹಾಕಿದೆವು. ಅಲ್ಲಿ ಏಷ್ಯಾ, ಭಾರತ, ಕನ್ನಡ ಎಂದು ಮೂರು ಸ್ಪರ್ಧೆಗಳಿವೆ. ಕನ್ನಡ ವಿಭಾಗವೇ ಇರಲಿ ಎಂದೆ ನಾನು. ಏಷ್ಯಾ ವಿಭಾಗಕ್ಕೇ ಹೋಗಬೇಕು ಎಂದರು ನಿರ್ದೇಶಕರು. ಆ ಚರ್ಚೆಯಲ್ಲಿ ಹಣ ಹಾಕಿದವರೂ ಸೇರಿಕೊಂಡರು, ಬಿಡುಗಡೆ ಯಾವಾಗ ಎಂಬ ಹಳೆಯ ಪ್ರಶ್ನೆಯೊಂದಿಗೆ. ‘ತಿಥಿ’ ಲೊಕಾರ್ನೊದಲ್ಲಿ ಗೆದ್ದದ್ದು 2015ರ ಆಗಸ್ಟಿನಲ್ಲಿ, ಕರ್ನಾಟಕದಲ್ಲಿ ತೆರೆಕಂಡದ್ದು 2016ರ ಮೇ ತಿಂಗಳಲ್ಲಿ. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ 2022ರಲ್ಲಿ ಬೂಸಾನ್‌ನಲ್ಲಿ ಹೊಸ ನಿರ್ದೇಶಕರಿಗೆ ಮೀಸಲಾಗಿದ್ದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದು, ಇಲ್ಲಿನ ಚಿತ್ರಮಂದಿರಕ್ಕೆ ಬಂದದ್ದು 2024ರಲ್ಲಿ. ಗೆದ್ದವುಗಳ ಕಥೆಯೇ ಹೀಗಿರುವಾಗ ನಮ್ಮದು ಇನ್ನೂ ತಡವಾಗಬಹುದೆಂದು ಹೇಳಿದೆ. ‘ಬಡ್ಡಿಗೆ ಪ್ರೀಮಿಯರ್ ಗೊತ್ತಿಲ್ಲ’ ಎಂದರು ಅವರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಮುಂದಿನ ಚಿತ್ರದ ಒಪ್ಪಂದ ಬರೆಯುತ್ತಿದ್ದೇವೆ. ಗೋವಾ ಉತ್ಸವದ ಮೊದಲ ಬಹುಮಾನವಾದ ಸ್ವರ್ಣ ಮಯೂರದ 40 ಲಕ್ಷ ರೂಪಾಯಿಯನ್ನು ನಿರ್ದೇಶಕರು, ನಿರ್ಮಾಪಕರು ಹಂಚಿಕೊಳ್ಳಬೇಕೆಂದು ಅಲ್ಲಿನ ನಿಯಮವೇ ಹೇಳುತ್ತದೆ. ಕೇರಳ ಉತ್ಸವದ ಮೊದಲ ಬಹುಮಾನವಾದ ಸುವರ್ಣ ಚಕೋರದ 20 ಲಕ್ಷಕ್ಕೂ ಹಾಗೆಯೇ. ಎಲ್ಲ ಕಡೆ ಹಾಗಿರುವುದಿಲ್ಲ. ಆದ್ದರಿಂದ ಈ ಸಲ ಎರಡು ಕಲಮು ಸೇರಿಸಿದ್ದೇನೆ: ಬಹುಮಾನದ ಹಣ ಯಾರಿಗೆ ಎಷ್ಟು ಎಂಬುದು ಒಂದು, ಚಿತ್ರ ಸಿದ್ಧವಾದ ಮೇಲೆ ಬಿಡುಗಡೆ ಕೇಳದೆ ಎಷ್ಟು ತಿಂಗಳು ಕಾಯಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಎಲ್ಲರೂ ಕೂಡಲೇ ಸಹಿ ಹಾಕಿದರು. ಎರಡನೆಯದರಲ್ಲಿ ತಿಂಗಳ ಜಾಗ ಇನ್ನೂ ಖಾಲಿ ಇದೆ.