ಡಾಲಸ್ ಸುತ್ತ ಮನೆ ಕೊಂಡವರಿಗೆ: ಆಲಿಕಲ್ಲು, ಚಾವಣಿ, ವಿಮೆ

ಆರ್‌ಸಿಸಿ ತಾರಸಿ ನೋಡಿ ಬೆಳೆದವರಿಗೆ ಇಲ್ಲಿನ ಚಾವಣಿ ಹೊಸ ವಿಷಯ. ಮರದ ಹಲಗೆ, ಅದರ ಮೇಲೆ ಡಾಂಬರಿನ ಶಿಂಗಲ್ (ಹೆಂಚಿನಂತೆ ಸಾಲಾಗಿ ಹೊದಿಸುವ ತೆಳು ಪಟ್ಟಿ), ಅಷ್ಟೇ. ವಸಂತದಲ್ಲಿ ಒಂದು ಜೋರು ಆಲಿಕಲ್ಲು ಮಳೆ ಬಿದ್ದರೆ ಸಾಕು, ಮಾರನೆಯ ದಿನವೇ ಫ್ರಿಸ್ಕೊ, ಪ್ಲೇನೊ, ಅರ್ವಿಂಗ್ ಬೀದಿಗಳಲ್ಲಿ ಏಣಿ ಹೊತ್ತ ಪಿಕಪ್‌ಗಳು ಸಾಲುಗಟ್ಟುತ್ತವೆ. ಟೆಕ್ಸಸ್‌ನಲ್ಲಿ ರೂಫಿಂಗ್ ಕೆಲಸಕ್ಕೆ ರಾಜ್ಯದ ಲೈಸೆನ್ಸ್ ಎಂಬುದೇ ಇಲ್ಲ. ಏಣಿಯೂ ವಿಸಿಟಿಂಗ್ ಕಾರ್ಡೂ ಇದ್ದವರೆಲ್ಲ ರೂಫರ್‌ಗಳೇ.

ಬಾಗಿಲಲ್ಲಿ ನಿಂತು ಸಹಿ ಹಾಕಬೇಡಿ. ಊರಿಂದ ಬಂದ ಅಪ್ಪ ಅಮ್ಮ ಹಗಲು ಮನೆಯಲ್ಲಿದ್ದರೆ ಅವರಿಗೂ ಹೇಳಿಡಿ. ‘ಫ್ರೀ ಇನ್‌ಸ್ಪೆಕ್ಷನ್, ಮೇಲೆ ಹತ್ತಲು ಅನುಮತಿ ಅಷ್ಟೇ’ ಎಂದು ಚಾಚುವ ಕಾಗದದಲ್ಲಿ, ವಿಮೆ ಕಂಪನಿ ಒಪ್ಪಿದರೆ ಕೆಲಸ ತಮಗೇ ಕೊಡಬೇಕೆಂಬ ಷರತ್ತು ಇರುವುದುಂಟು. ಮನೆಬಾಗಿಲಲ್ಲಿ ಆದ ಒಪ್ಪಂದವನ್ನು ಮೂರನೆಯ ಕೆಲಸದ ದಿನದ ಮಧ್ಯರಾತ್ರಿಯೊಳಗೆ ಬರೆದು ಕೊಟ್ಟು ರದ್ದು ಮಾಡಬಹುದು. ಕೇಂದ್ರದ ನಿಯಮದಲ್ಲಿ ಶನಿವಾರವೂ ಕೆಲಸದ ದಿನವೇ, ಆದ್ದರಿಂದ ಸೋಮವಾರ ನೋಡಿಕೊಂಡರಾಯಿತು ಎಂದು ಕೂರಬೇಡಿ.

ಇನ್ನು ಡಿಡಕ್ಟಿಬಲ್, ಅಂದರೆ ಕ್ಲೇಮಿನಲ್ಲಿ ನೀವೇ ಭರಿಸಬೇಕಾದ ಪಾಲು. ಹೆಚ್ಚಿನ ಮೋಸ ಹುಟ್ಟುವುದು ಇಲ್ಲೇ. ಗಾಳಿ, ಆಲಿಕಲ್ಲಿನ ಡಿಡಕ್ಟಿಬಲ್ ಇಲ್ಲಿ ಸಾಮಾನ್ಯವಾಗಿ ಶೇ 1 ಅಥವಾ 2. ಅದು ಹಾನಿಯ ಮೊತ್ತದ ಮೇಲಲ್ಲ, ಮನೆ ಕಟ್ಟಡಕ್ಕೆ ಮಾಡಿಸಿದ ವಿಮೆಯ ಮೊತ್ತದ ಮೇಲೆ. 4,50,000 ಡಾಲರ್ ವಿಮೆ ಇದ್ದು ಶೇ 2 ಆದರೆ 9,000 ಡಾಲರ್ ನಿಮ್ಮ ಜೇಬಿನಿಂದ. ಹೊಸ ಚಾವಣಿಗೆ 24,000, ಹಳೆಯದರ ಸವಕಳಿ (ವಯಸ್ಸಿನಿಂದ ಇಳಿದ ಬೆಲೆ) 8,000 ಎಂದಿಟ್ಟುಕೊಳ್ಳಿ. ಸವಕಳಿ, ಡಿಡಕ್ಟಿಬಲ್ ಎರಡನ್ನೂ ಕಳೆದು ಮೊದಲ ಚೆಕ್ 7,000ಕ್ಕೆ ಬರುತ್ತದೆ. ಕೆಲಸ ಮುಗಿಸಿ ಬಿಲ್ ಕಳಿಸಿದ ಮೇಲೆ ತಡೆಹಿಡಿದ 8,000. ಪಾಲಿಸಿಯಲ್ಲಿ ಚಾವಣಿಗೆ ಸವಕಳಿ ಕಳೆದ ಬೆಲೆ ಮಾತ್ರ ಎಂದಿದ್ದರೆ ಆ ಎರಡನೆಯ ಚೆಕ್ ಬರುವುದೇ ಇಲ್ಲ. ಇದನ್ನು ಪಾಲಿಸಿ ಕೊಳ್ಳುವಾಗಲೇ ಏಜೆಂಟ್ ಹತ್ತಿರ ಕೇಳಿ.

‘ಡಿಡಕ್ಟಿಬಲ್ ನಾವೇ ನೋಡ್ಕೋತೀವಿ ಸರ್’ ಎನ್ನುವವನನ್ನು ಅಲ್ಲಿಂದಲೇ ಕಳಿಸಿ. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ರಾಜ್ಯದ ಕಾನೂನಿನಲ್ಲಿ ಕಂಟ್ರಾಕ್ಟರ್ ಅದನ್ನು ಮನ್ನಾ ಮಾಡುವುದು ಅಪರಾಧ. ನೀವು ಕಟ್ಟಿದ್ದಕ್ಕೆ ಚೆಕ್ ಅಥವಾ ಕಾರ್ಡ್ ದಾಖಲೆ ಕೊಡಿ ಎಂದು ವಿಮೆ ಕಂಪನಿ ಕೇಳಬಹುದು, ಅಲ್ಲಿಯವರೆಗೆ ಎರಡನೆಯ ಚೆಕ್ ಹಿಡಿದಿಡಬಹುದು. ಮನ್ನಾ ಮಾಡಿದ ದುಡ್ಡನ್ನು ಆತ ಸುಮ್ಮನೆ ಬಿಡುತ್ತಾನೆಯೇ? ಉಬ್ಬಿಸಿದ ಬಿಲ್ಲಿನಲ್ಲೋ ಅಗ್ಗದ ಸಾಮಾನಿನಲ್ಲೋ ಅದನ್ನು ತೆಗೆದೇ ತೆಗೆಯುತ್ತಾನೆ.

ಕ್ಲೇಮ್ ಹಾಕುವವರು ನೀವು, ರೂಫರ್ ಅಲ್ಲ. ಹಾನಿ ತೋರಿಸುವುದು, ಅಂದಾಜು ಪಟ್ಟಿ ಕೊಡುವುದು ಅವನ ಕೆಲಸ. ಅದೇ ಮನೆಯ ಕೆಲಸ ಹಿಡಿದವನು ನಿಮ್ಮ ಪರವಾಗಿ ವಿಮೆ ಕಂಪನಿಯ ಜೊತೆ ಕ್ಲೇಮ್ ಚೌಕಾಸಿ ಮಾಡುವಂತಿಲ್ಲ. ಈ ನಿಯಮವನ್ನು ಟೆಕ್ಸಸ್ ಸುಪ್ರೀಂ ಕೋರ್ಟ್ 2024ರಲ್ಲಿ ಎತ್ತಿಹಿಡಿದಿದೆ. ಸಾಮಾನ್ಯವಾಗಿ ಕ್ಲೇಮ್ ತಲುಪಿದ 15 ದಿನದೊಳಗೆ ಕಂಪನಿ ಉತ್ತರಿಸಬೇಕು. ಕೇಳಿದ ದಾಖಲೆಗಳೆಲ್ಲ ಸಿಕ್ಕ ಮೇಲೆ 15 ಕೆಲಸದ ದಿನದಲ್ಲಿ ಹೌದು ಅಥವಾ ಇಲ್ಲ ಎನ್ನಬೇಕು. ಒಪ್ಪಿದರೆ 5 ಕೆಲಸದ ದಿನದಲ್ಲಿ ಹಣ. ನಿಮಗೂ ಗಡುವು ಇದೆ, ಪಾಲಿಸಿಯಲ್ಲಿ ನೋಡಿಕೊಳ್ಳಿ. ಆಲಿಕಲ್ಲು ಬಿದ್ದ ತಾರೀಕು ಬರೆದಿಟ್ಟು, ನಾಣ್ಯ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ.

ಕಾಂಟ್ರಾಕ್ಟಿನಲ್ಲಿ ‘ಹೊಸ ರೂಫ್’ ಎಂದಷ್ಟೇ ಇದ್ದರೆ ಸಾಲದು. ಎಷ್ಟು ಸ್ಕ್ವೇರ್ (ಒಂದು ಸ್ಕ್ವೇರ್ ಎಂದರೆ 100 ಚದರ ಅಡಿ), ಯಾವ ಶಿಂಗಲ್, ಡ್ರಿಪ್ ಎಡ್ಜ್ (ಅಂಚಿನ ತಗಡು), ಸ್ಟಾರ್ಟರ್ (ಅಂಚಿನ ಮೊದಲ ಸಾಲು), ರಿಡ್ಜ್ ಕ್ಯಾಪ್ (ನೆತ್ತಿಯ ಹೊದಿಕೆ), ಪೈಪ್ ಬೂಟ್ (ಪೈಪಿನ ಸುತ್ತಿನ ಕವಚ), ಫ್ಲ್ಯಾಶಿಂಗ್ (ಕೂಡುವ ಕಡೆ ನೀರು ತಡೆಯುವ ತಗಡು) ಎಲ್ಲವೂ ಹೆಸರಿಟ್ಟು ಬರಲಿ. ಹಳೆಯ ಫ್ಲ್ಯಾಶಿಂಗ್ ಅನ್ನೇ ಉಳಿಸಿ ಮೇಲೆ ಹೊಸ ಶಿಂಗಲ್ ಹೊದಿಸಿದರೆ ಚಿಮಣಿ, ಗೋಡೆ ಕೂಡುವ ಕಡೆಯೇ ಮೊದಲು ಸೋರುವುದು. ಕೊಳೆತ ಹಲಗೆ ಬದಲಿಸಲು ಶೀಟಿಗೆ ಎಷ್ಟು ಎಂಬುದನ್ನು ಮೊದಲೇ ಬರೆಸಿ. ಚಾವಣಿ ಬಿಚ್ಚಿದ ಮೇಲೆ ಬಾಯಿಗೆ ಬಂದದ್ದೇ ರೇಟು. ಒಂದು ಶಿಂಗಲ್‌ಗೆ ಸಾಮಾನ್ಯವಾಗಿ 4 ಮೊಳೆ, ಜೋರು ಗಾಳಿಯ ಜಾಗದಲ್ಲಿ 6. ಮೊಳೆ ಗನ್ನಿನ ಒತ್ತಡ ಜಾಸ್ತಿಯಾದರೆ ಮೊಳೆಯ ತಲೆ ಶಿಂಗಲ್ ಸೀಳಿ ಒಳಗೆ ಇಳಿಯುತ್ತದೆ, ಮುಂದಿನ ಬಿರುಗಾಳಿಗೆ ಅದು ಹಾರಿಹೋಗುತ್ತದೆ. ನಗರದ ಪರ್ಮಿಟ್, ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಒಪ್ಪಿದ ಬಣ್ಣ ಇವೆರಡನ್ನೂ ಕೇಳಿ.

ರೂಫರ್‌ನ ಲಯಬಿಲಿಟಿ ವಿಮೆಯ (ಅವನ ಕೆಲಸದಿಂದ ಬೇರೆಯವರಿಗೆ ಆಗುವ ಹಾನಿ ಭರಿಸುವ ವಿಮೆ) ಪ್ರಮಾಣಪತ್ರವನ್ನು ಅವನ ಏಜೆಂಟ್‌ನಿಂದ ನೇರ ತರಿಸಿ. ಕಾರ್ಮಿಕರ ವಿಮೆ ಟೆಕ್ಸಸ್‌ನಲ್ಲಿ ಖಾಸಗಿ ಮಾಲೀಕರಿಗೆ ಕಡ್ಡಾಯವಲ್ಲ, ಬೇರೆಯಾಗಿ ಕೇಳಬೇಕು. ಮನೆ ಸಾಲವಿದ್ದರೆ ಚೆಕ್ಕಿನ ಮೇಲೆ ಬ್ಯಾಂಕಿನ ಹೆಸರೂ ಇರುತ್ತದೆ, ಅವರ ಸಹಿಗೆ ದಿನ ಹಿಡಿಯುತ್ತದೆ. ಆ ಚೆಕ್ ಅನ್ನು ಹಾಗೆಯೇ ರೂಫರ್ ಕೈಗೆ ಬರೆದುಕೊಡಬೇಡಿ. ಸಾಮಾನು ಕೊಟ್ಟ ಅಂಗಡಿಗೆ ಅವನು ದುಡ್ಡು ಕೊಡದಿದ್ದರೆ ಅಂಗಡಿಯವರು ನಿಮ್ಮ ಮನೆಯ ಮೇಲೆ ಲೀನ್ (ಬಾಕಿಗಾಗಿ ಮನೆಯ ಮೇಲಿನ ಕಾನೂನು ಹಕ್ಕು) ಹಾಕಲು ಬರಬಹುದು. ಕೊನೆಯ ಕಂತಿಗೆ ಮುಂಚೆ ಇಬ್ಬರಿಂದಲೂ ಲೀನ್ ಬಿಟ್ಟುಕೊಟ್ಟ ಪತ್ರ ತೆಗೆದುಕೊಳ್ಳಿ.

ವಿಮೆ ಕಂಪನಿ ಸತಾಯಿಸಿದರೆ ಟೆಕ್ಸಸ್ ಡಿಪಾರ್ಟ್‌ಮೆಂಟ್ ಆಫ್ ಇನ್ಶೂರೆನ್ಸ್‌ಗೆ ದೂರು ಕೊಡಬಹುದು: 800-252-3439. ಹೇಗೂ ಹೊಸದು ಹಾಕಿಸುವವರು ಕ್ಲಾಸ್ 4 ಶಿಂಗಲ್ ಬೆಲೆಯನ್ನೂ ಕೇಳಿನೋಡಿ. 20 ಅಡಿ ಎತ್ತರದಿಂದ 2 ಇಂಚಿನ ಉಕ್ಕಿನ ಗುಂಡು ಬೀಳಿಸಿ ಪರೀಕ್ಷಿಸಿದ ಸರಕು ಅದು. ಹಲವು ಕಂಪನಿಗಳು ಪ್ರೀಮಿಯಂ ಇಳಿಸುತ್ತವೆ. ಅದಕ್ಕೆ ಬೇಕಾದ ಫಾರಂಗೆ ರೂಫರ್ ಊರು ಬಿಡುವ ಮೊದಲೇ ಸಹಿ ಹಾಕಿಸಿಕೊಳ್ಳಿ. ಆ ರಿಯಾಯಿತಿಯ ಬದಲಿಗೆ, ಸೋರದೆ ಬರೀ ಅಂದಗೆಟ್ಟ ಹಾನಿಗೆ ಹಣವಿಲ್ಲ ಎಂಬ ಷರತ್ತು ಪಾಲಿಸಿಗೆ ಸೇರುತ್ತದೆಯೇ ಎಂದೂ ಕೇಳಿ.