ಬೀಮ್ ಇಳಿಸಿ ಹಿಡಿದ ತಗ್ಗು: ಪಲ್ಸಿಂಗ್ ಇಲ್ಲದೆ 14 ಎಂಇವಿ ಎನ್‌-ಡಿ ಚದುರಿಕೆ ಅಳೆದ ನನ್ನ ಅನುಭವ

ಪಲ್ಸ್ಡ್ ಬೀಮ್ (ಬಿಟ್ಟು ಬಿಟ್ಟು ಬರುವ ಅಯಾನು ಕಿರಣ) ಇಲ್ಲದ ಸಣ್ಣ ಡಿ-ಟಿ ಜನರೇಟರಿನಲ್ಲಿ (ಡ್ಯೂಟರಾನನ್ನು ಟ್ರಿಶಿಯಂಗೆ ಹೊಡೆದು ನ್ಯೂಟ್ರಾನ್ ಹುಟ್ಟಿಸುವ ಮೆಷಿನ್) ಎನ್‌-ಡಿ (ನ್ಯೂಟ್ರಾನ್-ಡ್ಯೂಟರಾನ್; ಡ್ಯೂಟರಾನ್ ಅಂದರೆ ಭಾರ ಹೈಡ್ರೋಜನ್ನಿನ ನ್ಯೂಕ್ಲಿಯಸ್) ಇಲಾಸ್ಟಿಕ್ ಚದುರಿಕೆಯ ತಗ್ಗು ಕಾಣುವುದಿಲ್ಲ, ಮೂಲವೇ ದುರ್ಬಲ ಎಂದು ಕೇಳಿದವರೆಲ್ಲ ಹೇಳಿದ್ದರು. ತಗ್ಗು ಅಂದರೆ ಸೆಂಟರ್ ಆಫ್ ಮಾಸ್‌ನಲ್ಲಿ 120 ಡಿಗ್ರಿಯ ಆಸುಪಾಸು, ಲ್ಯಾಬಿನಲ್ಲಿ ಅಳೆದರೆ 90 ಡಿಗ್ರಿ. ಅಲ್ಲಿ ಕ್ರಾಸ್ ಸೆಕ್ಷನ್ (ಚದುರುವ ಸಾಧ್ಯತೆಯ ಅಳತೆ) ಸ್ಟೆರೇಡಿಯನ್ನಿಗೆ ಹತ್ತು-ಹದಿನೈದು ಮಿಲಿಬಾರ್ನಿಗೆ ಇಳಿಯುತ್ತದೆ. ನಮ್ಮ ಮೆಷಿನ್ ಹೆಚ್ಚೆಂದರೆ ಸೆಕೆಂಡಿಗೆ 10 ಕೋಟಿ ನ್ಯೂಟ್ರಾನ್ ಕೊಡುತ್ತದೆ, ಬೀಮ್ ನಿರಂತರ. ಅದರಲ್ಲೇ ಈಗ ತಗ್ಗಿನ ಬಿಂದು ಸುಮಾರು 5 ಶೇಕಡಾ ಅನಿಶ್ಚಿತತೆಯೊಳಗೆ ಬಂದಿದೆ. ಇನ್ನೊಂದು ವಿಷಯ: ಅದು ಬಂದದ್ದು ಬೀಮ್ ಏರಿಸಿದಾಗ ಅಲ್ಲ, ಇಳಿಸಿದಾಗ.

ಲಾಸ್ ಅಲಾಮೋಸ್‌ನಲ್ಲಿ ಸೀಗ್ರೇವ್ 1955ರಲ್ಲೇ 14.1 ಎಂಇವಿ (ದಶಲಕ್ಷ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯಲ್ಲಿ ಚಿಮ್ಮಿದ ಡ್ಯೂಟರಾನುಗಳನ್ನು ಎಣಿಸಿ ಪ್ರಕಟಿಸಿದ್ದರು. ಹಾಗಾಗಿ ಇಲ್ಲಿ ಹೊಸ ಶಕ್ತಿ, ಹೊಸ ಭೌತವಿಜ್ಞಾನ ಏನೂ ಇಲ್ಲ. ಈ ಶಕ್ತಿಯಲ್ಲಿ ಇಲಾಸ್ಟಿಕ್ ತಗ್ಗಿನಲ್ಲಿ ಮೂರು-ನ್ಯೂಕ್ಲಿಯಾನ್ ಬಲದ ಪಾತ್ರ ಸಣ್ಣದು, ಮೂರು ಕಣಗಳಿಗೆ ಹಾಕುವ ಫಡೇವ್ ಲೆಕ್ಕಾಚಾರಗಳು ಚೆನ್ನಾಗಿಯೇ ಕೂರುತ್ತವೆ. ಅದಕ್ಕೇ ಇದನ್ನು ಆರಿಸಿಕೊಂಡದ್ದು. ಉತ್ತರ ಗೊತ್ತಿರುವ ಲೆಕ್ಕದಲ್ಲಿ ಸೆಟಪ್ ಪಾಸಾಗದಿದ್ದರೆ ಬ್ರೇಕಪ್ (ಡ್ಯೂಟರಾನ್ ಒಡೆಯುವುದು) ಅಳೆಯಲು ಹೋಗುವುದರಲ್ಲಿ ಅರ್ಥವಿಲ್ಲ.

ಜೋಡಣೆ ಹೀಗಿದೆ. ಚದುರಿಸುವ ಟಾರ್ಗೆಟ್ಟೇ ಸಿಂಟಿಲೇಟರ್ (ಕಣ ತಾಗಿದರೆ ಮಿನುಗುವ ವಸ್ತು): ಡ್ಯೂಟರೇಟೆಡ್ ಬೆಂಜೀನ್ (ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರುವುದು) ತುಂಬಿದ ಗಾಜಿನ ಸೆಲ್, ಹಿಂದೆ ಎರಡಿಂಚಿನ ಫಾಸ್ಟ್ ಫೋಟೋಮಲ್ಟಿಪ್ಲೈಯರ್ (ಮಿನುಗನ್ನು ವಿದ್ಯುತ್ ಸಿಗ್ನಲ್ ಮಾಡುವ ನಳಿಗೆ). ಟ್ರಿಶಿಯಂ ಟಾರ್ಗೆಟ್ಟಿನಿಂದ 10 ಸೆಂ.ಮೀ. ದೂರದಲ್ಲಿ, ಬೀಮಿಗೆ 90 ಡಿಗ್ರಿಯಲ್ಲಿ, 1 ಸೆಂ.ಮೀ. ಕಿಂಡಿಯ ಹಿಂದೆ ಆಲ್ಫಾ ಡಿಟೆಕ್ಟರ್. ಡಿ-ಟಿ ಕ್ರಿಯೆಯಲ್ಲಿ ಆಲ್ಫಾ, ನ್ಯೂಟ್ರಾನ್ ಜೊತೆಯಾಗಿಯೇ ಹುಟ್ಟುತ್ತವೆ; ಆಲ್ಫಾ ಬಂದರೆ ಎದುರು ಬದಿಯ ಕೋನಿನೊಳಗೆ ಒಂದು ನ್ಯೂಟ್ರಾನ್ ಹೋಗಿದೆ ಎಂದೇ ಲೆಕ್ಕ. ಆ ಕೋನ್ ನೇರ ಎದುರಿಗೆ ಇರುವುದಿಲ್ಲ. 120 ಕೆಇವಿ ಡ್ಯೂಟರಾನಿಗೆ ಅದರ ನಡು ಬೀಮಿನಿಂದ 83 ಡಿಗ್ರಿ ಆಸುಪಾಸಿಗೆ ಬೀಳುತ್ತದೆ. ಅಯಾನುಗಳನ್ನು ಬೇರ್ಪಡಿಸುವ ಅನಲೈಸಿಂಗ್ ಮ್ಯಾಗ್ನೆಟ್ ಇಲ್ಲದಿದ್ದರೆ ಡಿ-ಟೂ (ಎರಡು ಡ್ಯೂಟೀರಿಯಂ ಸೇರಿದ) ಅಯಾನುಗಳ ಅರ್ಧ ಶಕ್ತಿಯ ಪಾಲು ಸೇರಿ ಇನ್ನೊಂದು ಡಿಗ್ರಿ ಹರಡುತ್ತದೆ. ಲೆಕ್ಕ ನಂಬಿ ಸೆಲ್ ಇಡಬೇಡಿ. ಬೆರಳಗಲದ ಪ್ಲಾಸ್ಟಿಕ್ ಸಿಂಟಿಲೇಟರನ್ನು ಸ್ಲೈಡ್ ಮೇಲೆ ಅಡ್ಡಕ್ಕೂ ಉದ್ದಕ್ಕೂ ಸರಿಸಿ ಕೋನಿನ ಆಕಾರ ನೋಡಿಯೇ ಇಡಿ. ಬೀಮ್ ಸ್ಪಾಟ್ 2 ಮಿ.ಮೀ. ಜರುಗಿದರೂ ಕೋನ್ ಸೆಲ್ಲಿನ ಅಂಚಿಗೆ ಹೋಗುತ್ತದೆ.

ಆಲ್ಫಾ ಡಿಟೆಕ್ಟರಿಗೆ ಸಿಲಿಕಾನ್ ಹಾಕಿದರೆ ಟೈಮಿಂಗ್ ಸೋಮಾರಿ, ಮೇಲಾಗಿ ನ್ಯೂಟ್ರಾನ್ ಹೊಡೆತಕ್ಕೆ ಲೀಕೇಜ್ ಕರೆಂಟ್ ದಿನೇ ದಿನೇ ಏರುತ್ತದೆ. ಅರ್ಧ ಮಿ.ಮೀ. ವೈಎಪಿ ಹರಳು (ವೇಗದ ಸಿಂಟಿಲೇಟರ್), ಅದರ ಮುಂದೆ 5 ಮೈಕ್ರಾನ್ ಅಲ್ಯೂಮಿನಿಯಂ ಹಾಳೆ, ಇಷ್ಟರಿಂದಲೇ ಕೆಲಸ ಆಯಿತು. ಹಾಳೆ ಚದುರಿದ ಡ್ಯೂಟರಾನುಗಳನ್ನು ಪೂರ್ತಿ ತಡೆಯುತ್ತದೆ, ಆಲ್ಫಾದ 3.5 ಎಂಇವಿಯಲ್ಲಿ ಸುಮಾರು 1 ಎಂಇವಿ ತಿನ್ನುತ್ತದೆ. ಟಾರ್ಗೆಟ್ ಹಳೆಯದಾದಂತೆ ಅದರಲ್ಲಿ ಡ್ಯೂಟೀರಿಯಂ ತುಂಬಿಕೊಂಡು ಡಿ-ಡಿ (ಡ್ಯೂಟರಾನ್ ಡ್ಯೂಟೀರಿಯಂಗೆ ಹೊಡೆಯುವ) ಕ್ರಿಯೆಯ ಪ್ರೋಟಾನಿನ 3 ಎಂಇವಿ ಗುಡ್ಡ ತಲೆ ಎತ್ತುತ್ತದೆ. ಅದು ಆಲ್ಫಾ ಗೇಟಿನೊಳಗೆ (ಆಲ್ಫಾ ಎಂದು ಒಪ್ಪುವ ಸಿಗ್ನಲ್ ಮಿತಿಯೊಳಗೆ) ನುಸುಳಿದರೆ ಫ್ಲಕ್ಸ್ ಹೆಚ್ಚಾಗಿ ಕಾಣುತ್ತದೆ, ಕ್ರಾಸ್ ಸೆಕ್ಷನ್ ಕಡಿಮೆ ಬರುತ್ತದೆ. ಗೇಟಿನ ಮೇಲಂಚನ್ನು ಬಿಗಿಯಾಗಿ ಕಟ್ಟಿ.

ಸೆಲ್ ಕಥೆಗೆ ಬರೋಣ, ಹೆಚ್ಚು ದುಡ್ಡು ಹೋದದ್ದು ಅಲ್ಲೇ. ಡ್ಯೂಟರೇಟೆಡ್ ಬೆಂಜೀನ್ ನೂರು ಮಿ.ಲೀ.ಗೆ ನಲವತ್ತು ಸಾವಿರದ ಆಸುಪಾಸು ಬಿತ್ತು. ಬೆಂಜೀನ್ ಮುಟ್ಟಿದ್ದನ್ನೆಲ್ಲ ಕೆಡಿಸುತ್ತದೆ. ನೈಟ್ರೈಲ್ ಓ-ರಿಂಗ್ ಊದಿ ಜಾಗ ಬಿಡುತ್ತದೆ, ಅಕ್ರಿಲಿಕ್ ಕಿಟಕಿ ಬಿರುಕು ಬಿಡುತ್ತದೆ, ಸಾಮಾನ್ಯ ಎಪಾಕ್ಸಿ ಮೆತ್ತಗಾಗುತ್ತದೆ. ಬೋರೋಸಿಲಿಕೇಟ್ ಗಾಜು, ಟೆಫ್ಲಾನ್ ಹೊದಿಕೆಯ ವೈಟಾನ್ ರಿಂಗ್, ಇವೆರಡೇ ಉಳಿದವು. ತುಂಬುವಾಗ ಬಾಯಿಮಟ್ಟ ತುಂಬಲೇಬಾರದು. 20 ಡಿಗ್ರಿ ಬಿಸಿ ಏರಿದರೆ ದ್ರವ ಎರಡೂವರೆ ಶೇಕಡಾ ಹಿಗ್ಗುತ್ತದೆ, ಗಾಜು ತಡೆಯುವುದಿಲ್ಲ. ಕತ್ತಿನಲ್ಲಿ 4 ಶೇಕಡಾದಷ್ಟು ನೈಟ್ರೋಜನ್ ಗುಳ್ಳೆ ಬಿಡಿ, ಗುಳ್ಳೆ ಬೆಳಕಿನ ದಾರಿಗೆ ಬರದಂತೆ ಕತ್ತನ್ನು ಮೇಲಕ್ಕಿರಿಸಿ. ಫ್ರಿಜ್ಜಿನಲ್ಲಿ ಇಡಬೇಡಿ, ಇದು 7 ಡಿಗ್ರಿ ಹತ್ತಿರ ಗಟ್ಟಿಯಾಗುತ್ತದೆ. ಕೆಲಸವೆಲ್ಲ ಫ್ಯೂಮ್ ಹುಡ್ ಒಳಗೆ, ಹತ್ತಿರ ಕಿಡಿ ಇರಬಾರದು: ಬೆಂಜೀನ್ ಕ್ಯಾನ್ಸರ್‌ಕಾರಕ, ಸುಲಭವಾಗಿ ಹೊತ್ತಿಕೊಳ್ಳುವಂಥದ್ದು.

ಮಿಶ್ರಣಕ್ಕೆ ಲೀಟರಿಗೆ 5 ಗ್ರಾಂ ಪಿಪಿಓ, ಚಿಟಿಕೆ ಪಾಪಾಪ್ (ಎರಡೂ ಮಿನುಗು ಕೊಡುವ ಪುಡಿಗಳು). ಇದರಿಂದ ಸೇರುವ ಹೈಡ್ರೋಜನ್ ಡ್ಯೂಟೀರಿಯಂನ 0.4 ಶೇಕಡಾ ಅಷ್ಟೇ, ತೊಂದರೆಯಿಲ್ಲ. ಪಿಎಸ್‌ಡಿ (ಸಿಗ್ನಲ್ ಆಕಾರ ನೋಡಿ ಗಾಮಾ, ನ್ಯೂಟ್ರಾನ್ ಬೇರ್ಪಡಿಸುವುದು) ಚುರುಕಾಗಲಿ ಎಂದು ನ್ಯಾಫ್ತಲೀನ್ ಸೇರಿಸಿಯೂ ನೋಡಿದೆವು. ಗಾಮಾ-ನ್ಯೂಟ್ರಾನ್ ಬೇರ್ಪಡೆ ಚೆನ್ನಾಯಿತು, ಆದರೆ ಲೀಟರಿಗೆ 80 ಗ್ರಾಂ ಹಾಕಿದರೆ ಹೈಡ್ರೋಜನ್ 7 ಶೇಕಡಾಕ್ಕೆ ಏರುತ್ತದೆ. ಮುಂಕೋನಗಳಲ್ಲಿ ಎನ್‌-ಪಿ (ನ್ಯೂಟ್ರಾನ್-ಪ್ರೋಟಾನ್) ಶಿಖರ ಎನ್‌-ಡಿಯ ಕಾಲಬುಡದಲ್ಲೇ ಕೂತುಬಿಡುತ್ತದೆ. ಡ್ಯೂಟರೇಟೆಡ್ ನ್ಯಾಫ್ತಲೀನ್ ಸಿಗುತ್ತದೆ, ಬೆಲೆ ಕೇಳಿ ಕೈಬಿಟ್ಟೆವು. ನ್ಯಾಫ್ತಲೀನ್ ಇಲ್ಲದೆಯೇ ಪಿಎಸ್‌ಡಿ ಸಾಕಾಗುವಷ್ಟು ಬಂತು, ಕಾರಣ ಮಿನುಗು ಕುಗ್ಗಿಸುವ ಕರಗಿದ ಆಮ್ಲಜನಕವನ್ನು ಓಡಿಸಿದ ರೀತಿ. ಒಣ ನೈಟ್ರೋಜನ್ ಸುಮ್ಮನೆ ಬುಳುಬುಳು ಬಿಟ್ಟರೆ ಅರ್ಧ ಬೆಂಜೀನ್ ಆವಿಯಾಗಿ ಹೋಗುತ್ತದೆ, ದುಡ್ಡೂ ಅದರ ಜೊತೆಗೆ. ಆವಿ ನಷ್ಟವಾಗದಂತೆ ನಾವು ಮಾಡಿದ ಏರ್ಪಾಡನ್ನು ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ.

ಸೆಲ್ ಎಷ್ಟು ದಪ್ಪ? ಎಣಿಕೆ ಹೆಚ್ಚಲಿ ಎಂದು ಮೊದಲು ಕಟ್ಟಿದ್ದು 5 ಸೆಂ.ಮೀ. ವ್ಯಾಸದ್ದು. ಅದರಲ್ಲಿ ನೂರು ನ್ಯೂಟ್ರಾನಿಗೆ ಮೂವತ್ತರ ಹತ್ತಿರ ಎಲ್ಲೋ ಒಂದು ಕಡೆ ಡಿಕ್ಕಿ ಹೊಡೆಯುತ್ತವೆ. ಒಮ್ಮೆ ಡ್ಯೂಟರಾನಿಗೆ, ಮತ್ತೊಮ್ಮೆ ಕಾರ್ಬನ್ನಿಗೆ ತಾಗಿ ಬಂದವು ತಗ್ಗನ್ನು ತುಂಬಿಬಿಡುತ್ತವೆ. ತಗ್ಗು ಆಳವಾದಷ್ಟೂ ಈ ಕಾಟ ಹೆಚ್ಚು. ಮಾಂಟೆ ಕಾರ್ಲೊ (ಕಂಪ್ಯೂಟರ್ ಅನುಕರಣೆಯ) ತಿದ್ದುಪಡಿ ಮೂರನೇ ಒಂದು ಪಾಲಿನಷ್ಟು ಬಂತು. ಅಷ್ಟು ದೊಡ್ಡ ತಿದ್ದುಪಡಿಯನ್ನು ಯಾರೂ ನಂಬಬಾರದು. 3 ಸೆಂ.ಮೀ. ಸೆಲ್ಲಿಗೆ ಇಳಿದು, ಅದನ್ನು ಮೂಲದಿಂದ 25 ಸೆಂ.ಮೀ.ಗೆ ತಂದ ಮೇಲೆ ತಿದ್ದುಪಡಿ ಶೇಕಡಾ ಹದಿನೈದರ ಆಸುಪಾಸಿಗೆ ಬಂತು. ಎರಡೂ ಸೆಲ್ಲಿನ ತಿದ್ದಿದ ಉತ್ತರಗಳು ತಾಳೆಯಾದವು, ಮಾಂಟೆ ಕಾರ್ಲೊ ಸರಿಯಿದೆ ಎನ್ನಲು ನನಗೆ ಬೇಕಿದ್ದ ಪುರಾವೆ ಅದೇ.

ಈಗ ಬೀಮಿನ ವಿಷಯ. ನಿಜವಾದ ಘಟನೆಗೆ ಆಲ್ಫಾ, ಸೆಲ್, ನ್ಯೂಟ್ರಾನ್ ಡಿಟೆಕ್ಟರ್ ಮೂರೂ ಒಟ್ಟಿಗೆ ಸಿಗ್ನಲ್ ಕೊಡಬೇಕು. 10 ಕೋಟಿಯಲ್ಲಿ ಆಲ್ಫಾ ಸೆಕೆಂಡಿಗೆ ಅರವತ್ತು ಸಾವಿರ, ಆಲ್ಫಾ-ಸೆಲ್ ಜೋಡಿ ಹತ್ತು ಸಾವಿರ, ಮರೆ ಇಲ್ಲದ ನ್ಯೂಟ್ರಾನ್ ಡಿಟೆಕ್ಟರ್ ಒಂಟಿಯಾಗಿ ಇಪ್ಪತ್ತು ಸಾವಿರ. ಕೊನೆಯ ಎರಡನ್ನು, ಒಟ್ಟಿಗೆ ಬಂದವು ಎಂದು ಒಪ್ಪುವ 3 ನ್ಯಾನೋಸೆಕೆಂಡ್ ಕಿಟಕಿಗೆ ಗುಣಿಸಿದರೆ ಆಕಸ್ಮಿಕ ಎಣಿಕೆ ಸೆಕೆಂಡಿಗೆ 0.6. 90 ಡಿಗ್ರಿಯಲ್ಲಿ, 1 ಮೀಟರ್ ದೂರದ ಐದಿಂಚಿನ ದ್ರವ ಡಿಟೆಕ್ಟರಿಗೆ ಬರುವ ನಿಜ ಎಣಿಕೆ 0.2ರ ಹತ್ತಿರ. ಕಸವೇ ಮೂರು ಪಟ್ಟು. ಬೀಮನ್ನು ಐದರಲ್ಲೊಂದಕ್ಕೆ ಇಳಿಸಿದರೆ ನಿಜ ಎಣಿಕೆ ಐದರಲ್ಲೊಂದಾಗುತ್ತದೆ, ಆಕಸ್ಮಿಕ ಇಪ್ಪತ್ತೈದರಲ್ಲೊಂದು. ಮರೆ ಕಟ್ಟಿದ ಮೇಲೆ ಅದು ಇನ್ನೂ ಇಳಿದು ನಿಜದ ಹತ್ತನೇ ಒಂದಕ್ಕಿಂತ ಕೆಳಗೆ ನಿಂತಿತು. 2 ಕೋಟಿಯಲ್ಲಿ ಗಂಟೆಗೆ ನೂರರ ಮೇಲೆ ಒಳ್ಳೆಯ ಎಣಿಕೆ ಸಿಗುತ್ತಿತ್ತು. ಟ್ರಿಶಿಯಂ ಟಾರ್ಗೆಟ್ಟಿಗೆ ನಾಲ್ಕೈದು ಲಕ್ಷ, ಜೊತೆಗೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಅನುಮತಿಯ ಓಡಾಟ. ಕಡಿಮೆ ಬೀಮಿನಲ್ಲಿ ಅದೇ ಟಾರ್ಗೆಟ್ ಎಷ್ಟೋ ಪಟ್ಟು ಬಾಳಿತು. ಮೂಲ ದುರ್ಬಲ ಎಂದು ಆಕ್ಷೇಪಿಸಿದವರು ಆಕಸ್ಮಿಕ ಎಣಿಕೆ ಬೀಮಿನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಇಳಿಯುತ್ತದೆ ಎಂಬ ಈ ಲೆಕ್ಕ ಹಾಕಿರಲಿಲ್ಲ.

ಮರೆಗೆ ಮೂಲದ ಕಡೆ 30 ಸೆಂ.ಮೀ. ಕಬ್ಬಿಣ, ಅದರ ಹಿಂದೆ 40 ಸೆಂ.ಮೀ. ಬೋರಿಕ್ ಆಸಿಡ್ ಬೆರೆಸಿದ ಮೇಣ. ಕ್ರಮ ತಿರುಗಿಸಬಾರದು. 14 ಎಂಇವಿಯನ್ನು ಕಬ್ಬಿಣ ಇನಿಲಾಸ್ಟಿಕ್ ಆಗಿ ಕೆಳಗಿಳಿಸುತ್ತದೆ, ಉಳಿದದ್ದನ್ನು ಮೇಣ ನಿಧಾನ ಮಾಡುತ್ತದೆ. ಬೋರಾನ್ ಇಲ್ಲದಿದ್ದರೆ ಹೈಡ್ರೋಜನ್ ಹಿಡಿದು ಬಿಡುವ 2.2 ಎಂಇವಿ ಗಾಮಾ ಕೋಣೆ ತುಂಬುತ್ತದೆ. ಪುಡಿಯನ್ನು ಕರಗಿದ ಮೇಣಕ್ಕೆ ಒಮ್ಮೆಲೇ ಸುರಿದರೆ ತಳದಲ್ಲಿ ಕೂರುತ್ತದೆ. ಎರಡು ಬೆರಳು ದಪ್ಪಕ್ಕೆ ಹುಯ್ದು, ಗಟ್ಟಿಯಾಗಲು ಬಿಟ್ಟು, ಮತ್ತೊಂದು ಪದರ ಹುಯ್ಯಬೇಕು. ಇದು ಇಡೀ ಪ್ರಯೋಗದಲ್ಲೇ ಅಗ್ಗದ ಭಾಗ, ಫಲ ಮಾತ್ರ ದೊಡ್ಡದು.

ಟೈಮ್ ಆಫ್ ಫ್ಲೈಟ್‌ಗೆ (ನ್ಯೂಟ್ರಾನ್ ಹಾರಿ ಬರುವ ಸಮಯದ ಅಳತೆ) ಆರಂಭ ಸೆಲ್ಲಿನ ಸಿಗ್ನಲ್, ಆಲ್ಫಾ ಬರೀ ಗೇಟ್. ಲ್ಯಾಬ್ 90 ಡಿಗ್ರಿಯಲ್ಲಿ ಇಲಾಸ್ಟಿಕ್ ನ್ಯೂಟ್ರಾನಿಗೆ ಉಳಿಯುವುದು 4.7 ಎಂಇವಿ, 1 ಮೀಟರಿಗೆ 33 ನ್ಯಾನೋಸೆಕೆಂಡ್. ಬ್ರೇಕಪ್ ನ್ಯೂಟ್ರಾನ್ 3.2 ಎಂಇವಿ ಮೀರುವುದಿಲ್ಲ, 40ರ ನಂತರವೇ ಬರುತ್ತದೆ. 2 ನ್ಯಾನೋಸೆಕೆಂಡ್ ರೆಸಲ್ಯೂಷನ್ ಇದ್ದರೆ ಕಣ್ಣಿಗೇ ಬೇರೆ ಕಾಣುತ್ತವೆ. 30 ಡಿಗ್ರಿಯಲ್ಲಿ ಈ ಸುಖ ಇಲ್ಲ: 12.3 ಮತ್ತು 10.1 ಎಂಇವಿಗಳ ನಡುವೆ 1 ಮೀಟರಿಗೆ ಬರೀ 2 ನ್ಯಾನೋಸೆಕೆಂಡ್ ಅಂತರ. ಅಲ್ಲಿ ಡಿಟೆಕ್ಟರ್ 2 ಮೀಟರಿಗೆ ಹೋಗಲೇಬೇಕು. ಸೊನ್ನೆ ಸಮಯಕ್ಕೆ ಕಾರ್ಬನ್ನಿನ 4.44 ಎಂಇವಿ ಗಾಮಾ ಶಿಖರ ಸಾಕು, ನಡುವೆ ಸೋಡಿಯಂ-22 ಇಟ್ಟು ಬೆನ್ನಿಗೆ ಬೆನ್ನು ಹೊರಡುವ 511 ಕೆಇವಿ ಗಾಮಾಗಳಿಂದ ತಾಳೆ ನೋಡಿ. ಡಿಜಿಟೈಸರಿಗೆ ಆರೇಳು ಲಕ್ಷ ಹೋಯಿತು; ಸೆಕೆಂಡಿಗೆ 500 ಮೆಗಾಸ್ಯಾಂಪಲಿಗಿಂತ ಕಡಿಮೆಯದಕ್ಕೆ ಹೋಗಬೇಡಿ, ಪಿಎಸ್‌ಡಿಯೂ ಟೈಮಿಂಗೂ ಎರಡೂ ಸೊರಗುತ್ತವೆ.

ಕಾರ್ಬನ್ ಇಲಾಸ್ಟಿಕ್ ಚಿಂತೆ ಬೇಡ, ಚಿಮ್ಮಿದ ಕಾರ್ಬನ್ ಲೆಕ್ಕಕ್ಕೆ ಬರುವಷ್ಟು ಬೆಳಕು ಕೊಡುವುದಿಲ್ಲ. ಡ್ಯೂಟರಾನಿನ ಬೆಳಕಿಗೆ ಪ್ರತ್ಯೇಕ ಕ್ಯಾಲಿಬ್ರೇಷನ್ ಬೇಕಿಲ್ಲ. ಒಂದೇ ವೇಗದಲ್ಲಿ ಡ್ಯೂಟರಾನಿಗೂ ಪ್ರೋಟಾನಿಗೂ ಶಕ್ತಿ ನಷ್ಟದ ದರ ಒಂದೇ, ಓಟ ಮಾತ್ರ ಎರಡರಷ್ಟು. ಹಾಗಾಗಿ ಒಂದು ಡ್ಯೂಟರಾನಿನ ಬೆಳಕೆಂದರೆ ಅರ್ಧ ಶಕ್ತಿಯ ಪ್ರೋಟಾನಿನ ಬೆಳಕಿನ ಎರಡು ಪಟ್ಟು. 90 ಡಿಗ್ರಿಯ 9.4 ಎಂಇವಿ ಡ್ಯೂಟರಾನನ್ನು ಹೀಗೇ ಲೆಕ್ಕ ಹಾಕಿ ಗೇಟ್ ಕಟ್ಟಿದೆವು, ಶಿಖರ ಅಲ್ಲೇ ಬಂತು. ಬರೀ ಸೆಲ್ಲಿನ ಬೆಳಕಿನ ಸ್ಪೆಕ್ಟ್ರಮ್‌ನಿಂದಲೇ ಕೋನ ಹಂಚಿಕೆ ತೆಗೆಯುವ ಆಸೆಯಿಂದ ಅದನ್ನೂ ಮಾಡಿ ನೋಡಿದೆವು. 12.5 ಎಂಇವಿ ತುದಿ ಚೊಕ್ಕವಾಗಿ ಬರುತ್ತದೆ. ತಗ್ಗಿನ ಜಾಗದಲ್ಲಿ ಮಾತ್ರ ಬ್ರೇಕಪ್ ಪ್ರೋಟಾನೂ ಕಾರ್ಬನ್ನಿನಿಂದ ಬರುವ ಆಲ್ಫಾಗಳೂ ಸೇರಿ ಎಲ್ಲವನ್ನೂ ಕಲಸಿಬಿಡುತ್ತವೆ.

ಡಿಟೆಕ್ಟರ್ ಎಫಿಶಿಯನ್ಸಿಗೆ ಕೋಡ್ ನಂಬುವುದಕ್ಕಿಂತ ಎನ್‌-ಪಿ ಅಳೆಯುವುದೇ ಲೇಸು. ಅದೇ ಅಳತೆಯ ಸೆಲ್ಲಿಗೆ ಸಾಮಾನ್ಯ ಬೆಂಜೀನ್ ತುಂಬಿ, ಅದೇ ಡಿಟೆಕ್ಟರನ್ನು 54.7 ಡಿಗ್ರಿಗೆ ಸರಿಸಿದರೆ ಪ್ರೋಟಾನಿಗೆ ತಾಗಿ ಬರುವ ನ್ಯೂಟ್ರಾನಿಗೆ ಮೂರನೇ ಒಂದು ಶಕ್ತಿ, ಅಂದರೆ ಅದೇ 4.7 ಎಂಇವಿ. ಎನ್‌-ಪಿ ಕ್ರಾಸ್ ಸೆಕ್ಷನ್ ಒಂದು ಶೇಕಡಾ ಮಟ್ಟಕ್ಕೆ ಗೊತ್ತಿದೆ, ಆಲ್ಫಾ ಎಣಿಕೆ ಎರಡಕ್ಕೂ ಒಂದೇ. ಎಫಿಶಿಯನ್ಸಿ ಅನುಪಾತದಲ್ಲಿ ಹೊಡೆದುಹೋಗುತ್ತದೆ. ಸೆಲ್‌ಗಳನ್ನು ಒಂದೇ ಪಾಳಿಯಲ್ಲಿ ಅದಲು ಬದಲು ಮಾಡಿ, ಪ್ರತಿ ಬಾರಿ ಸೀಸಿಯಂ-137ರ 477 ಕೆಇವಿ ಅಂಚು ನೋಡಿ. ಮಧ್ಯಾಹ್ನಕ್ಕೂ ರಾತ್ರಿಗೂ ಫೋಟೋಮಲ್ಟಿಪ್ಲೈಯರ್ ಗೇನ್ ಮೂರು-ನಾಲ್ಕು ಶೇಕಡಾ ಜಾರುತ್ತದೆ, ಥ್ರೆಶೋಲ್ಡ್ ಅದರ ಜೊತೆ ಜಾರಿದರೆ ಅನುಪಾತ ಕೆಡುತ್ತದೆ.

ಈಗ ಕೈಯಲ್ಲಿರುವುದು ಹಿಂಕೋನ. ಲ್ಯಾಬ್ 150 ಡಿಗ್ರಿಯಲ್ಲಿ ನ್ಯೂಟ್ರಾನಿಗೆ ಉಳಿಯುವುದು 1.8 ಎಂಇವಿ, ಎನ್‌-ಪಿಯಲ್ಲಿ ಅದಕ್ಕೆ ಜೋಡಿ ಕೋನ 69 ಡಿಗ್ರಿ. ಅಷ್ಟು ಕೆಳಗೆ ಪಿಎಸ್‌ಡಿ ಗೇಟು ತೆಳುವಾಗುತ್ತದೆ, ಎಫಿಶಿಯನ್ಸಿ ಥ್ರೆಶೋಲ್ಡಿನ ಜೊತೆ ಕಡಿದಾಗಿ ಬೀಳುತ್ತದೆ. ಈ ಕೋನಕ್ಕೆ ದೊಡ್ಡ ಡಿಟೆಕ್ಟರ್ ಬೇಡ, ಸಣ್ಣದನ್ನು ಹತ್ತಿರ ಇಡಬೇಕು ಎಂಬುದು ನನ್ನ ಅಭಿಪ್ರಾಯ: ಎರಡಿಂಚಿನದು, 60 ಸೆಂ.ಮೀ. ದೂರ, ಅನೋಡಿಗೆ ಹತ್ತು ಪಟ್ಟು ಪ್ರಿಆಂಪ್. ಮೊದಲ ರನ್ನುಗಳಲ್ಲಿ ಶಿಖರ ಬಂದಿದೆ, 4.44 ಗಾಮಾದ ಬಾಲವನ್ನು ಅದರ ಕೆಳಗಿನಿಂದ ತೆಗೆಯುವ ಕೆಲಸ ನಡೆದಿದೆ.