ನಿಮ್ಮ ಐನೂರು ನಿಮಗೇ ಹೋಗ್ಲಿ

ಮೊನ್ನೆ ನನ್ನ ತಂಗಿ ಮಗಳು ಫೋನ್ ಮಾಡಿದ್ಲು. ದೊಡ್ಡಮ್ಮ, ಎರಡು ತಿಂಗಳಿಂದ ನನಗೇ ಅಂತ 500 ರೂಪಾಯಿ ಎತ್ತಿಡ್ತಿದೀನಿ, ಆದ್ರೆ ಏನ್ ತಗೊಳ್ಳೋದು ಅಂತಾನೇ ತಿಳೀತಿಲ್ಲ, ಹೋದ ತಿಂಗಳದ್ದು ಕುಕ್ಕರ್ ಗ್ಯಾಸ್ಕೆಟ್‌ಗೂ ಮಗು ಸ್ಕೂಲ್ ಪ್ರಾಜೆಕ್ಟಿನ ಚಾರ್ಟ್ ಪೇಪರ್‌ಗೂ ಹೋಯ್ತು ಅಂದ್ಲು. ಅವಳಿಗೆ ಫೋನಲ್ಲಿ ಒಂದು ಗಂಟೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ಯಾಕಂದ್ರೆ ಈ ಗ್ಯಾಸ್ಕೆಟ್ ಕಥೆ ಅವಳೊಬ್ಬಳದ್ದಲ್ಲ, ನಮ್ಮ ಬೀದಿಲಿ ಯಾವ ಮನೆ ಬಾಗಿಲು ತಟ್ಟಿದ್ರೂ ಇದೇ ಕಥೆ.

ನನ್ನ ಕಥೇನೂ ಬೇರೆ ಅಲ್ಲ. ಮದುವೆ ಆದಾಗಿಂದ ಮನೆ ಖರ್ಚಲ್ಲಿ ಉಳಿಸಿ ಉಳಿಸಿ ಇಡ್ತಿದ್ದೆ, ಮೊದಲು ಸಾಸಿವೆ ಡಬ್ಬೀಲಿ, ಆಮೇಲೆ ಟ್ರಂಕಲ್ಲಿ ಧಾರೆ ಸೀರೆ ಮಡಿಕೆ ಒಳಗೆ. ಹತ್ತು ಇಪ್ಪತ್ತರ ನೋಟು ಸೇರಿದ್ರೆ ದಿನಸಿ ಅಂಗಡಿಯವರ ಹತ್ರ ಕೊಟ್ಟು 500ರ ನೋಟು ಮಾಡಿಸ್ಕೊಳ್ತಿದ್ದೆ, ಉಬ್ಬಿ ಕಾಣಬಾರದು ಅಂತ. 2016ರ ನವೆಂಬರ್ 8ನೇ ತಾರೀಖು ರಾತ್ರಿ ಟೀವೀಲಿ 500, 1000ದ ನೋಟು ಇನ್ನು ನಡೆಯಲ್ಲ ಅಂದಾಗ ನನ್ನ ಕೈ ಕಾಲು ತಣ್ಣಗಾಯ್ತು. ಎಣಿಸಿದ್ರೆ 14,500 ಇತ್ತು. ಸೀರೆ ಬಿಚ್ಚಿ ನಮ್ಮೆಜಮಾನ್ರ ಮುಂದೆ ಇಟ್ಟೆ, ಅವರು ಒಂದು ಮಾತೂ ಆಡ್ಲಿಲ್ಲ, ಮಾರನೇ ವಾರ ನನ್ನ ಜೊತೆ ಬ್ಯಾಂಕ್ ಕ್ಯೂನಲ್ಲಿ ನಿಂತ್ರು. ದುಡ್ಡು ಖಾತೆಗೆ ಹೋಯ್ತು, ಅಲ್ಲಿಂದ ಫ್ರಿಜ್ ರಿಪೇರಿಗೆ, ಮಗನ ಇಂಟರ್‌ವ್ಯೂ ಓಡಾಟಕ್ಕೆ ಹೋಯ್ತು. ಅದಕ್ಕೆ ನನಗೆ ಬೇಜಾರಿಲ್ಲ. ಆದ್ರೆ ಆ ರಾತ್ರಿ ನಿದ್ದೆ ಬರದೆ ಮಲಗಿದಾಗ ಹೊಳೆದಿದ್ದು ಏನಪ್ಪಾ ಅಂದ್ರೆ ಇಷ್ಟು ವರ್ಷ ಬಚ್ಚಿಟ್ಟ ದುಡ್ಡಲ್ಲಿ ನನಗೆ ಅಂತ ಒಂದು ಮೊಳ ಹೂವೂ ತಗೊಂಡಿರ್ಲಿಲ್ಲ. ಬಚ್ಚಿಟ್ಟ ದುಡ್ಡನ್ನ ಖರ್ಚು ಮಾಡಕ್ಕಾಗಲ್ಲ ಕಣ್ರೇ, ಖರ್ಚು ಮಾಡಿದ್ರೆ ಎಲ್ಲಿಂದ ಬಂತು ಅಂತ ಹೇಳ್ಬೇಕಲ್ಲ.

ಅದಕ್ಕೇ ನಾನು ಮೊದಲು ಹೇಳೋದು, ಈ ದುಡ್ಡು ಮನೇಲಿ ಎಲ್ಲರಿಗೂ ಗೊತ್ತಿರ್ಲಿ. ತಿಂಗಳಿಗೆ ಇಷ್ಟು ನನ್ನದು, ಇದರ ಲೆಕ್ಕ ಯಾರೂ ಕೇಳೋ ಹಾಗಿಲ್ಲ ಅಂತ ಊಟಕ್ಕೆ ಕೂತಾಗ ಬಾಯಿ ಬಿಟ್ಟು ಹೇಳ್ಬಿಡಿ. ಗೃಹಲಕ್ಷ್ಮಿ, ಅಂದ್ರೆ ಮನೆ ಯಜಮಾನಿ ಖಾತೆಗೆ ಸರ್ಕಾರ ತಿಂಗಳಿಗೆ 2000 ಹಾಕೋ ಯೋಜನೆ, ಶುರುವಾಗಿದ್ದು 2023ರ ಆಗಸ್ಟ್ 30ಕ್ಕೆ, ನಮ್ಮ ಮೈಸೂರಲ್ಲೇ, ಆ 2000 ಖಾತೆಗೆ ಬಂದ ದಿನ ನಾನು ಮಾಡೋ ಮೊದಲ ಕೆಲಸ ಅದರಲ್ಲಿ 500 ತೆಗೆದು ಬೇರೆ ಇಡೋದು, ಉಳಿದ 1500 ಮನೆಗೆ. ತಿಂಗಳ ಕೊನೇಲಿ ಉಳಿದ್ರೆ ನನಗೆ ಅಂದ್ಕೊಂಡ್ರೆ ಉಳಿಯಲ್ಲ, ಉಳಿದಿದ್ದು ನಾನು ನೋಡೇ ಇಲ್ಲ. ನಿಮ್ಮ ಸಂಬಳದಲ್ಲೋ ಟೈಲರಿಂಗ್ ದುಡ್ಡಲ್ಲೋ 200 ಆದ್ರೂ ಸರಿ, ಮೊದಲ ದಿನವೇ ತೆಗೀರಿ, ನೂರರ ನೋಟಾಗಿ ತೆಗೀರಿ. ಫೋನ್‌ಪೇ ಇರೋ ಖಾತೇಲೇ ಬಿಟ್ರೆ ತರಕಾರಿಗೆ ಒಂದು ಸ್ಕ್ಯಾನು ಹಾಲಿಗೆ ಒಂದು ಸ್ಕ್ಯಾನು ಅಂತ ಕರಗಿ ಹೋಗತ್ತೆ, ಯಾವಾಗ ಕರಗ್ತು ಅನ್ನೋದೂ ತಿಳಿಯಲ್ಲ.

ಎರಡನೇದು ಇನ್ನೂ ಮುಖ್ಯ, ನಿಮ್ಮ ಕನ್ನಡಕ, ಮಂಡಿ ನೋವಿನ ಮಾತ್ರೆ, ಒಳಬಟ್ಟೆ, ಚಪ್ಪಲಿ ಇವನ್ನೆಲ್ಲ ಈ ದುಡ್ಡಲ್ಲಿ ತಗೋಬೇಡಿ. ಮನೆ ಯಜಮಾನ್ರ ಬಿಪಿ ಮಾತ್ರೆ ಮನೆ ಖರ್ಚಲ್ಲಿ ಬರತ್ತೆ ಅಂದ್ಮೇಲೆ ನಿಮ್ಮ ಕನ್ನಡಕವೂ ಮನೆ ಖರ್ಚಲ್ಲೇ ಬರ್ಬೇಕು. ಎಷ್ಟೋ ಜನ ಹೆಣ್ಣುಮಕ್ಕಳು ಹರಿದ ಚಪ್ಪಲಿಗೆ ಬದಲು ಹೊಸ ಚಪ್ಪಲಿ ತಗೊಂಡು ಈ ಸಲ ನನಗೆ ಅಂತ ಖರ್ಚು ಮಾಡ್ಕೊಂಡೆ ಅಂತಾರೆ, ನನಗೆ ಕೇಳಕ್ಕೇ ಸಂಕಟ ಆಗತ್ತೆ. ಚಪ್ಪಲಿ ಇಲ್ಲದೆ ನಡೆಯಕ್ಕಾಗತ್ತಾ? ಅದು ಆಸೆ ಅಲ್ಲ, ಅಗತ್ಯ.

ಹಾಗಾದ್ರೆ ಯಾವುದು ಆಸೆ? ನಾನು ಒಂದು ಪ್ರಶ್ನೆ ಕೇಳ್ಕೊಳ್ತೀನಿ: ಇದನ್ನ ಯಾರೂ ನೋಡದೇ ಇದ್ರೂ, ಯಾರೂ ಚೆನ್ನಾಗಿದೆ ಅನ್ನದೇ ಇದ್ರೂ ನನಗೆ ಬೇಕಾ? ಒಂದು ದಸರಾ ಎಕ್ಸಿಬಿಷನ್ನಲ್ಲಿ ಹೂವಿನ ಚಿತ್ರದ ಗಾಜಿನ ಬಟ್ಟಲು ಸೆಟ್ ತಗೊಂಡೆ, ಆರು ತಿಂಗಳು ಕೂಡಿಸಿದ ದುಡ್ಡು. ನನಗೆ ಅಂತಾನೇ ತಗೊಂಡೆ, ಆದ್ರೆ ನಿಜವಾಗಿ ತಗೊಂಡಿದ್ದು ನೆಂಟರು ಬಂದಾಗ ಮುಂದೆ ಇಡಕ್ಕೆ. ಒಡೆದೀತು ಅಂತ ನಾನು ಅದರಲ್ಲಿ ಒಂದು ದಿನವೂ ಪಾಯಸ ಕುಡೀಲಿಲ್ಲ, ಇವತ್ತಿಗೂ ಅಟ್ಟದ ಮೇಲೆ ಡಬ್ಬದಲ್ಲೇ ಇದೆ. ಮನೇಲಿ ಉಳಿಯೋ ವಸ್ತು ತಂದ್ರೆ ಅದು ನಿಧಾನಕ್ಕೆ ಮನೇದೇ ಆಗ್ಬಿಡತ್ತೆ, ತೊಳೆಯೋದು ಒರೆಸೋದು ಮತ್ತೆ ನಮಗೇ. ಆಮೇಲಿಂದ ನಾನು ಹೆಚ್ಚಾಗಿ ಮುಗಿದು ಹೋಗೋ ವಸ್ತುಗೇ ಖರ್ಚು ಮಾಡೋದು, ತಿಂದು ಮುಗಿಯೋದು, ಮುಡಿದು ಬಾಡೋದು, ನೋಡ್ಕೊಂಡು ಬರೋದು. ಅನುಭವಿಸಿದ್ದನ್ನ ಯಾರೂ ಅಟ್ಟಕ್ಕೆ ಹಾಕಕ್ಕಾಗಲ್ಲ.

ನನ್ನ ಲೆಕ್ಕ ಹೇಳ್ತೀನಿ, ಇದೇ ಮಾಡಿ ಅಂತಲ್ಲ, ಒಂದು ದಾರಿ ಕಾಣ್ಲಿ ಅಂತ. ನೂರು ಹೂವಿಗೆ, ನೂರು ಕಾಫಿ ಪುಡಿಗೆ, ನೂರು ಹೋಟ್ಲಿಗೆ, ಇನ್ನೂರು ಪೋಸ್ಟಾಫೀಸಿಗೆ.

ಹೂವು ಅಂದ್ರೆ ಮಲ್ಲಿಗೆ, ನಮ್ಮ ಮೈಸೂರು ಮಲ್ಲಿಗೆಗೆ ಬೇಸಿಗೇಲೇ ಸುಗ್ಗಿ. ಶುಕ್ರವಾರ, ಹಬ್ಬದ ಹಿಂದಿನ ದಿನ ದೇವರಾಜ ಮಾರ್ಕೆಟ್ಟಿಗೆ ಹೋಗ್ಬೇಡಿ, ಬುಧವಾರನೋ ಗುರುವಾರನೋ ಸಂಜೆ ಹೋಗಿ, ಅರಳಿದ್ದು ಬೇಡ, ಮೊಗ್ಗು ಇರೋ ಮೊಳ ಕೇಳಿ, ಬಾಳೆ ಎಲೇಲಿ ಸುತ್ತಿಸ್ಕೊಂಡು ಬಂದು ಫ್ರಿಜ್‌ನಲ್ಲಿ ಇಟ್ರೆ ಮಾರನೇ ದಿನಕ್ಕೂ ಬರತ್ತೆ. ದೇವರಿಗೆ ಮನೆ ಖರ್ಚಿನ ಹೂವು ಬೇರೆ ಇದೆ, ಇದು ನನ್ನ ತಲೆಗೆ. ವರಮಹಾಲಕ್ಷ್ಮಿ ಹಬ್ಬ ಬರೋ ತಿಂಗಳು ಹೂವಿನ ರೇಟು ಕೈಗೆ ಸಿಗಲ್ಲ, ಆ ತಿಂಗಳು ಹೂವು ಬಿಟ್ಟು ಅದೇ ದುಡ್ಡಲ್ಲಿ ಮೈಸೂರು ಸ್ಯಾಂಡಲ್ ಸೋಪ್ ತಗೊಳ್ತೀನಿ, ಇದು ಮನೆ ಬಚ್ಚಲಲ್ಲಿ ಇಡೋ ಸೋಪಲ್ಲ, ನನ್ನದೇ ಬೇರೆ ಡಬ್ಬೀಲಿ ಇರತ್ತೆ. ತಂದ ತಕ್ಷಣ ಉಜ್ಜಬೇಡಿ, ಹೊದಿಕೆ ತೆಗೆದು ಒಂದು ತಿಂಗಳು ಸೀರೆ ಬೀರೂನಲ್ಲಿ ಇಡಿ, ಒಣಗಿ ಗಟ್ಟಿಯಾಗತ್ತೆ, ಬೇಗ ಸವೆಯಲ್ಲ, ಸೀರೆಗೆಲ್ಲ ಗಂಧದ ವಾಸನೆ ಬೇರೆ ಬರತ್ತೆ. ಖಾಲಿ ಡಬ್ಬಾನೂ ಎಸೀಬೇಡಿ, ಸೀರೆ ಮಧ್ಯೆ ಇರ್ಲಿ.

ಕಾಫಿ ಪುಡಿ 100 ಗ್ರಾಂ ಅಷ್ಟೇ, ಪೀಬೆರಿ, ಚಿಕೋರಿ ಇಲ್ಲದ್ದು, ಅಂಗಡೀಲಿ ಎದುರಿಗೇ ಪುಡಿ ಮಾಡಿಸಿದ್ದು. ಮನೆಗೆ ಎಲ್ಲರಿಗೂ ಸೇರಿ ಬರೋ ಪುಡೀಲಿ ಚಿಕೋರಿ ಇರ್ಲೇಬೇಕು, ಇಲ್ಲಾಂದ್ರೆ ಪೂರೈಸಲ್ಲ, ಅದು ಸರಿ. ಆದ್ರೆ ಸಂಜೆ ನಾಲ್ಕು ಗಂಟೆಗೆ ಮನೇಲಿ ಯಾರೂ ಇಲ್ಲದಾಗ ನನ್ನ ಪುಟ್ಟ ಫಿಲ್ಟರಲ್ಲಿ ಎರಡು ಚಮಚ ಪುಡಿ ಹಾಕಿ ಮೆಲ್ಲಗೆ ಒತ್ತಿ, ಕುದಿಯೋ ನೀರು ಸುತ್ತ ಹುಯ್ದು ಮುಚ್ಚಿ ಇಟ್ರೆ ತೊಟ್ಟು ತೊಟ್ಟಾಗಿ ಇಳಿಯೋ ಸದ್ದು ಕೇಳ್ಕೊಂಡು ಕೂರ್ತೀನಿ. ಹೆಚ್ಚು ತಂದಿಟ್ರೆ ಪರಿಮಳ ಹಾರೋಗತ್ತೆ, ಅದಕ್ಕೆ ತಿಂಗಳು ತಿಂಗಳು ಸ್ವಲ್ಪನೇ ತರೋದು ಒಳ್ಳೇದು, ಸ್ಟೀಲ್ ಡಬ್ಬೀಲಿ ಬಿಗಿಯಾಗಿ ಮುಚ್ಚಿಡಿ.

ಹೋಟ್ಲು ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು. ನಾನು 58 ವರ್ಷ ಆಗೋವರೆಗೂ ಒಬ್ಬಳೇ ಹೋಟ್ಲಿಗೆ ಹೋದವಳಲ್ಲ. ನಮ್ಮ ಕಾಲದಲ್ಲಿ ಗಂಡಸರು ಜೊತೆ ಇಲ್ಲದೆ ಹೆಂಗಸು ಟೇಬಲ್ ಹಿಡಿದು ಕೂರೋದಾ? ಒಂದು ದಿನ ಮಾರ್ಕೆಟ್ಟಿಂದ ಬರ್ತಾ ಚಿಕ್ಕ ಗಡಿಯಾರ ಗೋಪುರದ ಹತ್ರ ಕಾಲು ನೋವಾಗಿ ನಿಂತೆ, ಪಕ್ಕದ ಹೋಟ್ಲಿಂದ ತುಪ್ಪದ ವಾಸನೆ, ಹೋದೆ ಒಳಗೆ. ಹುಡುಗ ನೀರು ಇಟ್ಟು ಎಷ್ಟು ಜನಮ್ಮಾ ಅಂದ, ಒಬ್ಬಳೇ ಅಂದೆ, ಹಾಗನ್ನಕ್ಕೆ ಗಂಟಲು ಒಣಗಿತ್ತು. ಮಸಾಲೆ ದೋಸೆ ಬಂತು, ಅಂಚು ಕೆಂಪಗೆ, ಒಳಗೆ ಕೆಂಪು ಚಟ್ನಿ, ಮೇಲೆ ಬೆಣ್ಣೆ ಇನ್ನೂ ಕರಗ್ತಾ ಇತ್ತು. ಮೊದಲ ತುತ್ತು ಬಾಯಿಗಿಟ್ಟಾಗ ನಾಲಿಗೆ ಸುಡ್ತು, ಕಣ್ಣಲ್ಲಿ ನೀರು ಬಂತು, ಸುಟ್ಟಿದ್ದಕ್ಕಷ್ಟೇ ಅಲ್ಲ. ಮನೇಲಿ ದೋಸೆ ಅಂದ್ರೆ ನಾನು ಕಾವಲಿ ಮುಂದೆ ನಿಂತಿರ್ತೀನಿ, ಎಲ್ಲರದ್ದೂ ಆದ್ಮೇಲೆ ಪಾತ್ರೆ ತಳದ ಹಿಟ್ಟಲ್ಲಿ ಕೊನೇ ದೋಸೆ, ಅದೂ ಚೂರು ಚೂರು, ನಿಂತ್ಕೊಂಡೇ ತಿನ್ನೋದು. ಕೂತಲ್ಲಿಗೆ ಬಿಸಿ ದೋಸೆ ಬಂದು ನಾನು ತಿಂದು ಎಷ್ಟು ವರ್ಷ ಆಗಿತ್ತೋ. ಆವತ್ತಿಂದ ತಿಂಗಳಿಗೊಂದು ಸಲ ತಪ್ಪಿಸಿಲ್ಲ. ನನ್ನ ತಂಗಿ ಮಗಳು ಕೇಳಿದ್ಲು, ಮಕ್ಕಳಿಗೆ ಪಾರ್ಸೆಲ್ ತರದೆ ಹೇಗೆ ತಿನ್ನೋದು ದೊಡ್ಡಮ್ಮ ಅಂತ. ತರ್ಬೇಕು ಅನ್ಸಿದ್ರೆ ಮನೆ ದುಡ್ಡಲ್ಲಿ ಇನ್ನೊಂದು ದಿನ ಎಲ್ಲರೂ ಹೋಗಿ ಬನ್ನಿ. ಈ ಒಂದು ಪ್ಲೇಟು ಅಲ್ಲೇ ಕೂತು, ಬಿಸಿಬಿಸಿ, ಪೂರ್ತಿ ನೀವೇ ತಿನ್ನಿ, ಅರ್ಧ ಕಟ್ಟಿಸ್ಕೊಂಡು ಬಂದ್ರೆ ಅದು ತಣ್ಣಗಾದ ದೋಸೇನೇ.

ಒಂದೊಂದು ತಿಂಗಳು ಹೋಟ್ಲು ಬಿಟ್ಟು ನಂಜನಗೂಡಿಗೆ ಹೋಗ್ಬಿಡ್ತೀನಿ. 2023ರ ಜೂನ್ 11ಕ್ಕೆ ಹೆಣ್ಣುಮಕ್ಕಳಿಗೆ ಅಂತ ಸರ್ಕಾರದ ಶಕ್ತಿ ಯೋಜನೆ ಶುರುವಾದ್ಮೇಲೆ ಸಾಮಾನ್ಯ ಬಸ್ಸಲ್ಲಿ ನಮಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ಬ್ಯಾಗಲ್ಲಿದ್ರೆ ಸಾಕು, ಏಸಿ ಬಸ್ಸು, ರಾಜಹಂಸ ಇಂಥ ಐಷಾರಾಮಿ ಬಸ್ಸಿಗೆ ಮಾತ್ರ ಇದು ನಡೆಯಲ್ಲ, ಹತ್ತೋ ಮುಂಚೆ ಕೇಳ್ಕೊಳ್ಳಿ. ಶ್ರೀಕಂಠೇಶ್ವರನ ದರ್ಶನ, ಕಪಿಲಾ ನದಿ ಮೆಟ್ಟಿಲ ಮೇಲೆ ಒಂದು ಗಳಿಗೆ ಕಾಲು ನೀರಲ್ಲಿ ಬಿಟ್ಕೊಂಡು ಕೂರೋದು, ಸಿಕ್ಕಿದ್ರೆ ರಸಬಾಳೆ. ರೋಗ ಬಿದ್ದು ತೋಟಗಳೆಲ್ಲ ಹೋಗಿ ಈಗ ಅಸಲಿ ರಸಬಾಳೆ ಸಿಗೋದೇ ಕಷ್ಟ, ರೇಟೂ ಜಾಸ್ತಿ. ಅದಕ್ಕೇ ಡಜನ್ ತಗೊಳ್ಳೋದಿಲ್ಲ, ಎರಡೇ ಹಣ್ಣು ತಗೊಂಡು ಅಲ್ಲೇ ತಿಂದು ಬರ್ತೀನಿ.

ಆನ್‌ಲೈನ್ ಬಗ್ಗೆ ಒಂದು ಮಾತು. 160 ರೂಪಾಯಿ ವಸ್ತು ಬೇಕು ಅಂತ ಹೋಗ್ತೀವಿ, ಡೆಲಿವರಿ 40 ಉಳಿಯತ್ತೆ ಅಂತ ಇನ್ನೂ 200ರ ಸಾಮಾನು ಸೇರಿಸ್ತೀವಿ, ನೋಡಿದ್ರೆ ಸೇರಿಸಿದ್ದು ಡಬ್ಬ, ಒರೆಸೋ ಬಟ್ಟೆ, ಹುಡುಗರ ಪೆನ್ನು. 40 ಕೊಟ್ಟು ನಿಮ್ಮ ವಸ್ತು ಒಂದೇ ತರಿಸ್ಕೊಳ್ಳಿ, ಇಲ್ಲಾ ಪೇಟೆಗೆ ಹೋದಾಗ ತನ್ನಿ. 300ರ ಮೇಲಿನದ್ದು ಏನೇ ಇದ್ರೂ ಚೀಟೀಲಿ ಬರೆದು ಮೂರು ರಾತ್ರಿ ಬಿಡಿ, ನಾಲ್ಕನೇ ದಿನ ಬೆಳಗ್ಗೆ ನೆನಪಾದ್ರೆ ತಗೊಳ್ಳಿ. ಆಮೇಲೆ ಕೊಡಿ ಅನ್ನೋ ಕಂತು ಗಿಂತು ಇದಕ್ಕೆ ಬೇಡವೇ ಬೇಡ, ಮುಂದಿನ ತಿಂಗಳ ನಿಮ್ಮ ಖುಷಿ ಈಗಲೇ ಮುಗಿದ ಹಾಗಾಗತ್ತೆ. ಒಂದು ತಿಂಗಳು ಖರ್ಚಾಗದೆ ಉಳಿದ್ರೆ ಮನೆಗೆ ವಾಪಸ್ ಕೊಡ್ಬೇಡಿ, ಮುಂದಿನ ತಿಂಗಳದ್ದಕ್ಕೆ ಸೇರಿಸಿ. ಒಂದು ಸಲ ಕೊಟ್ರೆ ಪ್ರತಿ ಸಲ ಕಾಯ್ತಾರೆ, ಅವರ ತಪ್ಪೂ ಅಲ್ಲ, ನಾವು ಮಾಡಿದ ಅಭ್ಯಾಸ ಅದು.

ಇನ್ನು ಆ ಇನ್ನೂರು. ಪೋಸ್ಟಾಫೀಸಲ್ಲಿ ಆರ್‌ಡಿ, ಅಂದ್ರೆ ತಿಂಗಳು ತಿಂಗಳು ಒಂದೇ ಮೊತ್ತ ಕಟ್ಟೋ ಉಳಿತಾಯ, ತಿಂಗಳಿಗೆ 100ರಿಂದ ಶುರು ಮಾಡ್ಬೋದು, ಐದು ವರ್ಷದ್ದು, 60 ಕಂತು. ನಾನು 200 ಕಟ್ತಿದೀನಿ, ಅಂದ್ರೆ 12,000, ಬಡ್ಡಿ ಬೇರೆ. ಐದು ವರ್ಷ ಉದ್ದ ಅನ್ಸಿದ್ರೆ ಬ್ಯಾಂಕಲ್ಲಿ ಒಂದು ವರ್ಷದ್ದೂ ಸಿಗತ್ತೆ, ಬೀದೀಲಿ ನಡೆಸೋ ಚೀಟಿಗೆ ಮಾತ್ರ ಹಾಕ್ಬೇಡಿ, ನಾನು ಒಂದು ಸಲ ಹಾಕಿ ಕಳ್ಕೊಂಡಿದೀನಿ, ಕೇಳಕ್ಕೂ ಜನ ಇರ್ಲಿಲ್ಲ. ಆರ್‌ಡಿ ಶುರು ಮಾಡೋ ದಿನವೇ ಇದು ಯಾತಕ್ಕೆ ಅಂತ ಪಾಸ್‌ಬುಕ್ ಕವರ್ ಮೇಲೆ ಬರೆದಿಡಿ, ಹೆಸರಿಲ್ಲದ ದುಡ್ಡು ಯಾರದ್ದೋ ಸ್ಕೂಟರ್ ಟೈರಿಗೆ ಹೋಗತ್ತೆ.

ನಂದರ ಮೇಲೆ ಹಂಪಿ ಅಂತ ಬರೆದಿದೀನಿ. 50 ರೂಪಾಯಿ ಹೊಸ ನೋಟು ತಿರುಗಿಸಿ ನೋಡಿ, ಹಿಂದೆ ಹಂಪಿ ಕಲ್ಲಿನ ರಥ ಇದೆ, ಅದನ್ನ ದಿನಾ ತರಕಾರಿಯವರಿಗೆ ಕೊಡ್ತೀವಿ, ಹೋಗಿ ನೋಡಿಲ್ಲ. ನಮ್ಮೂರಿಂದ ಹಂಪಿ ಎಕ್ಸ್‌ಪ್ರೆಸ್ ರೈಲಿದೆ, ಹೊಸಪೇಟೇಲಿ ಇಳಿದ್ರೆ ಅಲ್ಲಿಂದ ಬಸ್ಸು. ಎದುರು ಮನೆ ಗೆಳತೀನೂ ಅವರ ಪಾಸ್‌ಬುಕ್ ಮೇಲೆ ಅದನ್ನೇ ಬರೆದಿದಾರೆ, ಇಬ್ಬರದ್ದೂ ಕೊನೇ ಕಂತು ಬರೋ ನವೆಂಬರ್‌ಗೆ. ದುಡ್ಡು ಕೈಗೆ ಬಂದ್ಮೇಲೆ ಡಿಸೆಂಬರಲ್ಲೇ ಹೊರಡ್ತೀವಿ, ಮಾರ್ಚ್ ದಾಟಿದ್ರೆ ಆ ಬಂಡೆಗಳ ಮೇಲೆ ಕಾಲಿಡಕ್ಕಾಗಲ್ಲವಂತೆ, ಅಷ್ಟು ಬಿಸಿಲು.